ಅಂದರ್ ಬಾಹರ್‌ಗೆ ಒಂದು ಎಕ್ಸೆಲ್ ಶೀಟ್: ಸಣ್ಣ ಬೆಟ್ಟಿನ ಲೆಕ್ಕ ನಾನು ಹಾಕಿದ್ದು ಹೀಗೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಗದಗ, ರೋಣ, ಹಾವೇರಿ, ಸವಣೂರು ಕಡೆಯಿಂದ ಬಂದು ರೂಮು ಮಾಡಿಕೊಂಡಿರುವವರೇ ಜಾಸ್ತಿ. ಸಂಭವನೀಯತೆ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ: "ಸರ, ದೊಡ್ಡ ಆಟ ಆಡಂಗಿಲ್ರಿ. ಸಣ್ಣ ಸಣ್ಣ ರೊಕ್ಕ ಹಚ್ಚೋದು. ಸೋತ್ರ ಒಂದ್ ಮೆಟ್ಲ ಏರಿಸೋದು, ಗೆದ್ರ ಇಳಿಸೋದು. ಹಿಂಗ ಆಡಿದ್ರ ಲಾಸ್ ಆಗಂಗಿಲ್ಲಂತಲ್ರಿ?"

ಆಡಬ್ಯಾಡ್ರೋ ಅಂದರೆ ಯಾರೂ ಕೇಳಲ್ಲ. ಲೆಕ್ಕ ಹಾಕಿ ತೋರಿಸಿದರೆ ವಾದ ಮಾಡೋಕಾದರೂ ಕೂರುತ್ತಾರೆ. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ಮಾಡಿ, ಸುಳ್ಳು ರೊಕ್ಕದಲ್ಲಿ ಈ ಎಲ್ಲ ಪದ್ಧತಿಗಳನ್ನೂ ಆಡಿಸಿ ನೋಡಿದೆ. ನಿಜವಾದ ರೂಪಾಯಿ ಒಂದೂ ಹಾಕಿಲ್ಲ. ಹಾಕಬೇಕಾದ ಅಗತ್ಯವೂ ಇರಲಿಲ್ಲ, ಯಾಕಂದರೆ ಇಸ್ಪೀಟಿನ ಎಲೆಗೆ ರೊಕ್ಕ ನಿಜವೋ ಸುಳ್ಳೋ ಅಂತ ಗೊತ್ತಾಗಲ್ಲ.

ಯಾವ ಆಟ ತೆಗೆದುಕೊಳ್ಳೋದು? ಕ್ಯಾಸಿನೊ ಗಣಿತ ಅಂದರೆ ಎಲ್ಲರೂ ರೂಲೆಟ್ ಚಕ್ರ ತೋರಿಸುತ್ತಾರೆ. ನಮ್ಮ ಹುಡುಗರು ಆ ಚಕ್ರ ನೋಡಿದ್ದು ಸಿನಿಮಾದಲ್ಲಿ ಮಾತ್ರ. ಆದರೆ ಅಂದರ್ ಬಾಹರ್ ಯಾರಿಗೆ ಗೊತ್ತಿಲ್ಲ ಹೇಳಿ. ದೀಪಾವಳಿ ಬಂದರೆ ಊರಿನ ಕಟ್ಟೆಯ ಮೇಲೆ, ಇಲ್ಲದಿದ್ದರೆ ಹೊಲದ ಬದುವಿನಲ್ಲಿ. ಪೇಪರಿನ ಜಿಲ್ಲಾ ಪುಟದಲ್ಲಿ "ಅಂದರ್ ಬಾಹರ್: ಬಂಧನ" ಅನ್ನೋ ಸುದ್ದಿ ಆಗಾಗ ಇದ್ದೇ ಇರುತ್ತದೆ. ಈಗ ಅದೇ ಆಟ ಮೊಬೈಲಿಗೆ ಬಂದಿದೆ. ಹಂಚುವವಳು ಎಲ್ಲೋ ಕೂತಿರುತ್ತಾಳೆ, ಎಲೆ ನಮ್ಮ ಅಂಗೈಯಲ್ಲಿ ಬೀಳುತ್ತದೆ.

ಮೊದಲು ನಿಜವಾದ ಇಸ್ಪೀಟನ್ನೇ ತಂದು ನೆಲದ ಮೇಲೆ ಪೇಪರ್ ಹಾಸಿ ಹಂಚಿದೆವು. ಒಂದು ಎಲೆ ತೆಗೆದು ಮಧ್ಯ ಇಟ್ಟರೆ ಅದು ಜೋಕರ್. ಇಸ್ಪೀಟ್ ಏಳು ಅಂತಿಟ್ಟುಕೊಳ್ಳಿ. ಉಳಿದ 51 ಎಲೆಗಳಲ್ಲಿ ಇನ್ನೂ ಮೂರು ಏಳು ಇವೆ. ಅಂದರ್‌ಗೆ ಒಂದು, ಬಾಹರ್‌ಗೆ ಒಂದು ಅಂತ ಹಂಚುತ್ತಾ ಹೋಗೋದು. ಏಳು ಯಾವ ಕಡೆ ಮೊದಲು ಬಿತ್ತೋ ಆ ಕಡೆ ಗೆದ್ದಿತು. ಸರಾಸರಿ 13ನೇ ಎಲೆಗೆ ಆಟ ಮುಗಿಯುತ್ತದೆ. ನೋಡೋಕೆ ಸರಿಸಮ ಆಟ. ಆದರೆ ಅಲ್ಲ. ಮೊದಲ ಎಲೆ ಬೀಳುವ ಕಡೆಗೆ ಒಂದು ಹೆಜ್ಜೆ ಮುಂದಿರುವ ಲಾಭ ಇದೆ. ಲೆಕ್ಕ ಹಾಕಿದರೆ ಆ ಕಡೆ 100ಕ್ಕೆ 51.5 ಸಲ ಗೆಲ್ಲುತ್ತದೆ, ಎರಡನೇ ಕಡೆ 48.5 ಸಲ.

ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಮೊದಲ ಎಲೆ ಅಂದರ್‌ಗೆ. ಹಾಗಿದ್ದರೆ ಸದಾ ಅಂದರ್‌ಗೇ ಹಚ್ಚಿದರಾಯಿತು ಅಲ್ವಾ? ಆ ಬಾಗಿಲನ್ನು ಆಪಿನವರು ಮೊದಲೇ ಮುಚ್ಚಿದ್ದಾರೆ. ಅಂದರ್ ಗೆದ್ದರೆ 100ಕ್ಕೆ 90 ರೂಪಾಯಿ ಮಾತ್ರ ಕೊಡುತ್ತಾರೆ. ಬಾಹರ್ ಗೆದ್ದರೆ ಪೂರ್ತಿ 100. ಕೂಡಿಸಿ ಕಳೆದರೆ, ಅಂದರ್‌ಗೆ ಹಚ್ಚಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 15 ಪೈಸೆ ಆಟ ನಡೆಸುವವರದ್ದು. ಬಾಹರ್‌ನಲ್ಲಿ 3 ರೂಪಾಯಿ.

ಬರೀ 3 ಪರ್ಸೆಂಟ್. ಹುಡುಗರು ನಕ್ಕರು. ಕಾಳಿನ ದಲಾಲಿನೂ ಇಷ್ಟೇ ಇರ್ತೈತಲ್ರಿ ಸರ, ಅಂದ ಒಬ್ಬ. ಇರಬಹುದು. ಆದರೆ ಕಾಳನ್ನು ರೈತ ಒಂದು ಸಲ ಮಾರುತ್ತಾನೆ. ಇಲ್ಲಿ ಅದೇ ಚೀಲವನ್ನು ಅರ್ಧ ಅರ್ಧ ನಿಮಿಷಕ್ಕೆ ಮತ್ತೆ ಮತ್ತೆ ತೂಕಕ್ಕೆ ಇಡುತ್ತಾರೆ, ಪ್ರತಿ ಸಲವೂ ದಲಾಲಿ ಮುರಿಯುತ್ತಾರೆ.

ಇನ್ನು ಶೀಟಿನ ವಿಷಯ. ಮೊದಲ ಕಾಲಮ್ಮಿನಲ್ಲಿ ರ‍್ಯಾಂಡ್‌ಬಿಟ್ವೀನ್ ಫಾರ್ಮುಲಾ ಹಾಕಿ 1ರಿಂದ 1000ದವರೆಗೆ ಯಾವುದೋ ಒಂದು ಸಂಖ್ಯೆ ಬರುವ ಹಾಗೆ ಮಾಡಿದೆ. 485 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಾಹರ್ ಗೆಲುವು, ಇಲ್ಲದಿದ್ದರೆ ಸೋಲು. ಎರಡನೇ ಕಾಲಮ್ಮಿನಲ್ಲಿ ಈ ಸುತ್ತಿನ ಬೆಟ್ಟು, ಮೂರನೆಯದರಲ್ಲಿ ಕೈಯಲ್ಲಿ ಉಳಿದ ರೊಕ್ಕ, ನಾಲ್ಕನೆಯದರಲ್ಲಿ ಇಲ್ಲಿಯವರೆಗೆ ಹಚ್ಚಿದ ಒಟ್ಟು ರೊಕ್ಕ. ಈ ನಾಲ್ಕನೇ ಕಾಲಮ್ಮನ್ನು ಸುಮ್ನೆ ಇರಲಿ ಅಂತ ಹಾಕಿದ್ದೆ. ಕೊನೆಗೆ ಎಲ್ಲ ಉತ್ತರ ಸಿಕ್ಕಿದ್ದು ಅಲ್ಲಿಯೇ.

ನೀವೂ ಮಾಡಿ ನೋಡೋದಾದರೆ ಒಂದು ವಿಷಯ ನೆನಪಿಡಿ. ಈ ಫಾರ್ಮುಲಾ ಇದ್ದಾಗ ಯಾವುದಾದರೂ ಸೆಲ್ಲಿನಲ್ಲಿ ಏನಾದರೂ ಬರೆದು ಎಂಟರ್ ಒತ್ತಿದರೂ ಇಡೀ ಶೀಟಿನ ಸಂಖ್ಯೆಗಳು ಬದಲಾಗುತ್ತವೆ. ಗೆದ್ದು ಕೂತಿದ್ದವನು ಕಣ್ಣೆದುರೇ ದಿವಾಳಿ. "ಸರ, ಮತ್ತೊಮ್ಮೆ ಒತ್ರಿ, ಮತ್ತೊಮ್ಮೆ ಒತ್ರಿ" ಅಂತ ಕ್ಲಾಸೆಲ್ಲ ಗದ್ದಲ. ಸಂಖ್ಯೆಗಳನ್ನು ಕಾಪಿ ಮಾಡಿ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಅಂತ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತವೆ. ಆಗ ಒಂದೇ ಅದೃಷ್ಟಕ್ಕೆ ಬೇರೆ ಬೇರೆ ಪದ್ಧತಿ ಹಚ್ಚಿ ಹೋಲಿಸಬಹುದು. ಹೋಲಿಕೆ ನ್ಯಾಯವಾಗಿರಬೇಕು ಅಂದರೆ ಇದು ಬೇಕೇ ಬೇಕು.

ಮೊದಲು ಡಬಲ್ ಮಾಡುವ ಪದ್ಧತಿ. ಮಾರ್ಟಿಂಗೇಲ್ ಅಂತಾರೆ. ಸೋತರೆ ದುಪ್ಪಟ್ಟು, ಗೆದ್ದರೆ ಮತ್ತೆ 100ರಿಂದ ಶುರು. ಏಳು ಸಲ ಸತತವಾಗಿ ಸೋತರೆ 12,700 ಹೋಗಿರುತ್ತದೆ, ಎಂಟನೆಯದಕ್ಕೆ 12,800 ಬೇಕು. ಏಳು ಸಲ ಸತತವಾಗಿ ಎಲ್ಲಿ ಸೋಲ್ತೀವಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಾಹರ್‌ನಲ್ಲಿ ಅದು ಸುಮಾರು 104 ಸಲಕ್ಕೆ ಒಂದು ಸಲ ಆಗುತ್ತದೆ. 103 ಸಲ ನೂರು ನೂರು ಗೆದ್ದರೆ 10,300. ಒಂದು ಸಲ ಸೋತರೆ 12,700. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದರ್‌ಗೆ ಡಬಲ್ ಮಾಡುವವರ ಪಾಡು ಇನ್ನೂ ಮಜವಾಗಿದೆ. ಗೆದ್ದರೆ ರೂಪಾಯಿಗೆ 90 ಪೈಸೆ ಲೆಕ್ಕ ಅನ್ನೋದನ್ನು ಅವರು ಮರೆತಿರುತ್ತಾರೆ. ಒಂದು ಸಲ ಸೋತು 200 ಹಚ್ಚಿ ಗೆದ್ದರೆ ಕೈಗೆ ಬರೋದು 80 ಲಾಭ. ಎರಡು ಸಲ ಸೋತು ಗೆದ್ದರೆ 60. ಮೂರು ಸಲ ಸೋತು ಗೆದ್ದರೆ 20. ನಾಲ್ಕು ಸಲ ಸೋತರೆ 1,500 ಹೋಗಿರುತ್ತದೆ, 1,600 ಹಚ್ಚಿ ಗೆದ್ದರೂ ಬರೋದು 1,440. ಗೆದ್ದೂ 60 ರೂಪಾಯಿ ಲಾಸ್! ಇದನ್ನು ಬೋರ್ಡಿನ ಮೇಲೆ ಬರೆದಾಗ ಒಬ್ಬ ಮೊಬೈಲ್ ತೆಗೆದು ತನ್ನ ಹಳೆಯ ಆಟದ ಹಿಸ್ಟರಿ ನೋಡಲು ಶುರು ಮಾಡಿದ. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹುಡುಗರು ಕೇಳಿದ ಮೆಟ್ಟಿಲು ಪದ್ಧತಿಗೆ ಡಾಲೆಂಬರ್ ಅಂತ ಹೆಸರು. 18ನೇ ಶತಮಾನದ ಫ್ರೆಂಚ್ ಗಣಿತಜ್ಞನ ಹೆಸರು ಅದು. ದೊಡ್ಡ ಮನುಷ್ಯ. ಆದರೆ ಎರಡು ಸಲ ನಾಣ್ಯ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಾಧ್ಯತೆ ಮೂರರಲ್ಲಿ ಎರಡು ಅಂತ 1754ರಲ್ಲಿ ಬರೆದುಬಿಟ್ಟ. ಸರಿ ಉತ್ತರ ನಾಲ್ಕರಲ್ಲಿ ಮೂರು, ಇದನ್ನು ನನ್ನ ಹಿಂದಿನ ಬೆಂಚಿನವರೂ ಹೇಳುತ್ತಾರೆ. ಅಂಥವನ ಹೆಸರನ್ನೇ ಜೂಜಿನ ಪದ್ಧತಿಗೆ ಇಟ್ಟಿದ್ದಾರಲ್ಲ ಅಂತ ನನಗೆ ಯಾವಾಗಲೂ ನಗು.

ಪದ್ಧತಿ ಮಾತ್ರ ನೋಡೋಕೆ ಬಹಳ ಸಭ್ಯ. 100 ರೂಪಾಯಿಯಿಂದ ಶುರು. ಸೋತರೆ 10 ಏರಿಸಿ, ಗೆದ್ದರೆ 10 ಇಳಿಸಿ. ನೂರು ಸುತ್ತಿನಲ್ಲಿ 50 ಗೆದ್ದು 50 ಸೋತರೂ 500 ರೂಪಾಯಿ ಲಾಭ ಬರುತ್ತದೆ. ಯಾವ ಕ್ರಮದಲ್ಲಿ ಗೆದ್ದರೂ ಸೋತರೂ ಅಷ್ಟೇ, ಬೆಟ್ಟು ಸೊನ್ನೆಗೆ ಇಳಿಯದಿದ್ದರೆ ಸಾಕು. ಸಮ ಬಂದರೂ ಲಾಭ ಅಂದರೆ ಯಾರಿಗೆ ಬೇಡ? ಜನ ಬೀಳೋದು ಇಲ್ಲಿಯೇ. 45 ಗೆದ್ದು 55 ಸೋತರೆ 1,000 ರೂಪಾಯಿ ಲಾಸ್. ಮೆಟ್ಟಿಲೇ ಇಲ್ಲದೆ ಪ್ರತಿ ಸಲ 100 ಹಚ್ಚಿದ್ದರೂ ಇಷ್ಟೇ ಲಾಸ್ ಆಗುತ್ತಿತ್ತು. 40 ಗೆದ್ದು 60 ಸೋತರೆ? ಸುಮ್ನೆ 100 ಹಚ್ಚಿದವನಿಗೆ 2,000 ಹೋಯಿತು. ಮೆಟ್ಟಿಲು ಹತ್ತಿದವನಿಗೆ 3,500. ಸೋಲು ಗೆಲುವಿನ ಅಂತರ ದುಪ್ಪಟ್ಟಾದರೆ ಲಾಸು ದುಪ್ಪಟ್ಟಲ್ಲ, ಮೂರೂವರೆ ಪಟ್ಟು. ಸಭ್ಯ ಪದ್ಧತಿಯ ಸಭ್ಯತೆ ಅಂತರ ಸಣ್ಣದಿರುವವರೆಗೆ ಮಾತ್ರ.

ಸೋತಾಗ ಬೆಟ್ಟು ಏರಿಸುವ ಪದ್ಧತಿಗಳು ಇನ್ನೆರಡಿವೆ: ಫಿಬೊನಾಚಿ, ಲಬೂಷೇರ್. ಎರಡನ್ನೂ ಆಡಿಸಿದೆ. ಮಾರ್ಟಿಂಗೇಲ್‌ಗೂ ಡಾಲೆಂಬರ್‌ಗೂ ನಡುವೆ ಬರುವ ತಮ್ಮಂದಿರು, ಹೊಸದೇನಿಲ್ಲ. ಗೆಲ್ಲುತ್ತಾ ಹೋದಂತೆ 1, 3, 2, 6 ಯೂನಿಟ್ (ಒಂದು ಯೂನಿಟ್ ಅಂದರೆ ಮೊದಲ ಬೆಟ್ಟು) ಹಚ್ಚಿ, ಸೋತರೆ ಮತ್ತೆ 1ರಿಂದ ಶುರು ಮಾಡುವ 1-3-2-6 ಪದ್ಧತಿ ಸ್ವಲ್ಪ ವಾಸಿ, ಯಾಕಂದರೆ ಒಂದು ಸರದಿಯಲ್ಲಿ ಎರಡು ಯೂನಿಟ್‌ಗಿಂತ ಜಾಸ್ತಿ ಕೈಯಿಂದ ಹೋಗಲ್ಲ. ನಾಲ್ಕೂ ಗೆದ್ದರೆ 12 ಯೂನಿಟ್ ಬರುತ್ತದೆ. ಆದರೆ ಬಾಹರ್‌ನಲ್ಲಿ ನಾಲ್ಕು ಸಲ ಸತತ ಗೆಲ್ಲೋದು 18 ಸರದಿಯಲ್ಲಿ ಒಂದು ಸಲ.

ಎಲ್ಲ ಪದ್ಧತಿಗಳಲ್ಲೂ ಮೂರನೇ ಕಾಲಮ್ಮು ಒಂದೊಂದು ಥರ ಕುಣಿಯುತ್ತಿತ್ತು. ನಾಲ್ಕನೆಯದು ಮಾತ್ರ ಒಂದೇ ಮಾತು ಹೇಳುತ್ತಿತ್ತು. ಸಾವಿರಾರು ಆಟಗಾರರನ್ನು ಕೂಡಿಸಿ ಭಾಗಿಸಿದರೆ, ಯಾವ ಪದ್ಧತಿಯೇ ಇರಲಿ, ಹೋದ ರೊಕ್ಕ ಹಚ್ಚಿದ ಒಟ್ಟು ರೊಕ್ಕದ 3 ಪರ್ಸೆಂಟಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಮೆಟ್ಟಿಲು ಬದಲಿಸಿದರೆ ಬದಲಾಗೋದು ಲಾಸು ಯಾವಾಗ ಬರುತ್ತದೆ, ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನೋದಷ್ಟೇ.

ಆಗ ಮೂಲ ಪ್ರಶ್ನೆಗೆ ಬಂದೆ. ಪದ್ಧತಿ ಬಿಡಿ, ಬೆಟ್ಟು ಸಣ್ಣದಿದ್ದರೆ ಸೇಫ್ ಅಲ್ವಾ? ಜೇಬಿನಲ್ಲಿ 2,000 ರೂಪಾಯಿ. 500 ಲಾಭ ಬಂದ ತಕ್ಷಣ ಎದ್ದು ಹೋಗೋದು, ಇಲ್ಲದಿದ್ದರೆ 2,000 ಮುಗಿಯೋವರೆಗೆ ಆಡೋದು. ಇಷ್ಟು ಶಿಸ್ತಿನ ಮನುಷ್ಯನನ್ನು ನಾನು ನೋಡಿಲ್ಲ, ಆದರೂ ಇರಲಿ. ಅವನು ಬಾಹರ್‌ಗೆ ಪ್ರತಿ ಸಲ 100 ಹಚ್ಚಿದರೆ 100ರಲ್ಲಿ ಸುಮಾರು 67 ಸಲ 500 ಗೆದ್ದು ಎದ್ದು ಹೋಗುತ್ತಾನೆ. ಉಳಿದ 33 ಸಲ ಜೇಬು ಖಾಲಿ. "ನಮ್ಮ ಅಣ್ಣ ಯಾವಾಗಲೂ ಗೆಲ್ತಾನ್ರಿ" ಅನ್ನೋ ಮಾತು ಹುಟ್ಟೋದು ಇಲ್ಲಿಂದಲೇ. ಮೂರರಲ್ಲಿ ಎರಡು ಸಲ ಅವನು ನಿಜವಾಗಿಯೂ ಗೆದ್ದಿರುತ್ತಾನೆ, ಮಿರ್ಚಿ ಗಿರ್ಮಿಟ್ಟು ಕೊಡಿಸಿರುತ್ತಾನೆ. ಮೂರನೇ ಸಲದ ಸುದ್ದಿ ಮನೆಗೂ ಹೇಳಲ್ಲ.

ಅದೇ ಮನುಷ್ಯ ಇನ್ನೂ ಹುಷಾರಾಗಿ 50 ಹಚ್ಚಿದರೆ? ಗೆದ್ದು ಏಳೋದು 100ಕ್ಕೆ ಸುಮಾರು 53 ಸಲ. ಇನ್ನೂ ಹುಷಾರಾಗಿ 20 ಹಚ್ಚಿದರೆ ಬರೀ 22 ಸಲ!

ಕ್ಲಾಸು ಒಪ್ಪಲಿಲ್ಲ. ನನಗೂ ಮೊದಲು ನೋಡಿದಾಗ ಫಾರ್ಮುಲಾ ತಪ್ಪಿರಬೇಕು ಅನ್ನಿಸಿತು. ಮತ್ತೆ ನಾಲ್ಕನೇ ಕಾಲಮ್ಮಿಗೆ ಹೋಗಿ. 100ರ ಬೆಟ್ಟಿನಲ್ಲಿ ಆಟ ಮುಗಿಯಲು ಸರಾಸರಿ 111 ಸುತ್ತು ಬೇಕು. ಒಟ್ಟು ಹಚ್ಚಿದ್ದು 11 ಸಾವಿರದ ಆಸುಪಾಸು, ಸರಾಸರಿ ಲಾಸು 334. 20ರ ಬೆಟ್ಟಿನಲ್ಲಿ 2,400 ಸುತ್ತು ದಾಟುತ್ತದೆ. ಹಚ್ಚಿದ್ದು 48 ಸಾವಿರ, ಸರಾಸರಿ ಲಾಸು 1,444. ಸುತ್ತಿಗೆ ಅರ್ಧ ನಿಮಿಷ ಅಂತ ಹಿಡಿದರೆ ಒಬ್ಬನದ್ದು ಗಂಟೆಯೊಳಗೆ ಮುಗಿಯಿತು, ಇನ್ನೊಬ್ಬನದ್ದು ಇಪ್ಪತ್ತು ಗಂಟೆ. ಹುಷಾರಿ ಮನುಷ್ಯ ಆಟ ನಡೆಸುವವರ ಮುಂದೆ ಜಾಸ್ತಿ ಹೊತ್ತು ಕೂತ, ಅಷ್ಟೇ ಆಗಿದ್ದು.

"ಹಂಗಾರ ಒಮ್ಮೆಲೆ 500 ಹಚ್ಚೋದ ಚಲೋ ಏನ್ರಿ ಸರ?" ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಲೆಕ್ಕಕ್ಕೆ ಹೌದು. 100ಕ್ಕೆ ಸುಮಾರು 78 ಸಲ ಗೆಲುವು, ಸರಾಸರಿ ಲಾಸು 62. ಯಾಕಂದರೆ ಸರಾಸರಿ ನಾಲ್ಕೇ ಸುತ್ತಿನಲ್ಲಿ ಆಟ ಮುಗಿಯುತ್ತದೆ. ನಾಲ್ಕು ಸುತ್ತು ಆಡಿ, ಮತ್ತೆಂದೂ ಆ ಆಪ್ ತೆರೆಯದವನಿಗೆ ಈ ಲೆಕ್ಕ. ನಾಳೆ ಮತ್ತೆ ಬಂದರೆ ನಾಳೆಯ ಸುತ್ತುಗಳೂ ಇದಕ್ಕೇ ಕೂಡಿಕೊಳ್ಳುತ್ತವೆ. ಆಯಿತು, ಹಾಗೆ ನಾಲ್ಕೇ ಸುತ್ತಿಗೆ ಎದ್ದವರು ನಿಮ್ಮ ರೂಮಿನಲ್ಲಿ ಯಾರಿದ್ದಾರೆ ಹೇಳ್ರಿ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಪಿನವರಿಗೆ ಈ ನಾಲ್ಕನೇ ಕಾಲಮ್ಮು ಚೆನ್ನಾಗಿ ಗೊತ್ತು. ಬೋನಸ್ಸಿನ ಷರತ್ತು ಓದಿ ನೋಡಿ. 1,000 ರೂಪಾಯಿ ಬೋನಸ್, 30 ಪಟ್ಟು ಆಡಿದ ಮೇಲೆ ವಿತ್‌ಡ್ರಾ ಅಂತಿದ್ದರೆ 30,000 ಹಚ್ಚಬೇಕು. 3 ಪರ್ಸೆಂಟ್ ಅಂದರೆ 900 ವಾಪಸ್ ಅವರಿಗೇ ಹೋಯಿತು. ಇಸ್ಪೀಟಿನ ಆಟಕ್ಕೆ ಹತ್ತರಲ್ಲಿ ಒಂದು ಭಾಗ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದರೆ 3 ಲಕ್ಷ ಹಚ್ಚಬೇಕು. ಸಾವಿರದ ಉಡುಗೊರೆಗೆ 9,000 ಖರ್ಚು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಸರ್ಕಾರಿ ನೌಕರಿಗೆ ಓದುವವರಿಗೆ ಗೊತ್ತಿರಬೇಕು. ಆನ್‌ಲೈನ್ ಜೂಜು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಕಾಯ್ದೆ ಮಾಡಿತು. ರೊಕ್ಕ ಹಚ್ಚುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷ. ಈಗ ಟೆಲಿಗ್ರಾಂ ಲಿಂಕಿನಲ್ಲಿ ಬರುವವು ಹೆಚ್ಚಾಗಿ ಹೊರದೇಶದವು. ಗೆದ್ದ ರೊಕ್ಕ ಕೊಡದಿದ್ದರೆ ಯಾರ ಬಾಗಿಲು ತಟ್ಟಬೇಕು ಅನ್ನೋದು ನನ್ನ ಶೀಟಿನಲ್ಲಿ ಇಲ್ಲ.

ಈಗಿನ ಬ್ಯಾಚಿನವರಿಗೆ ಅಂದರ್ ಬಾಹರ್ ಹಳೆಯದಾಗಿದೆ. ವಿಮಾನ ಮೇಲೆ ಹೋಗುತ್ತಾ ಗುಣಕ ಏರುವ, ಅದು ಮಾಯವಾಗೋ ಮೊದಲೇ ಇಳಿದರೆ ಹಚ್ಚಿದ್ದಕ್ಕೆ ಅಷ್ಟು ಪಟ್ಟು ಕೊಡುವ ಆಟ ಬಂದಿದೆಯಲ್ಲ, ಅದಕ್ಕೊಂದು ಶೀಟ್ ಮಾಡಿಕೊಡ್ರಿ, ಎರಡು ಪಟ್ಟು ಆದ ಕೂಡಲೇ ಆಟೊಮ್ಯಾಟಿಕ್ ಇಳಿದುಬಿಡ್ತೀವಿ, ಅದು ಸೇಫ್ ಅಂತಾರೆ. ನಿಯಮದ ಪುಟ ತೆರೆದು ನೋಡಿದರೆ ಹಚ್ಚಿದ ರೊಕ್ಕದಲ್ಲಿ ಸರಾಸರಿ 97 ಪರ್ಸೆಂಟ್ ಆಟಗಾರರಿಗೆ ವಾಪಸ್ ಅಂತಿತ್ತು. ಹಾಗಂದರೆ ವಿಮಾನ ಎರಡು ಪಟ್ಟು ಮುಟ್ಟುವ ಸಾಧ್ಯತೆ 97ರ ಅರ್ಧ, 48.5 ಪರ್ಸೆಂಟ್. ಬಾಹರ್‌ನದ್ದೂ ಇಷ್ಟೇ ಅಲ್ವಾ? ಫೈಲಿನ ಹೆಸರು ಬದಲಿಸಿ ಕಳಿಸಿದೆ. ಒಳಗೆ ಒಂದು ಸೆಲ್ಲನ್ನೂ ಮುಟ್ಟಬೇಕಾಗಲಿಲ್ಲ.