ಮೂರನೆಯ ಪಾತ್ರೆ ಎತ್ತಬೇಕಾಗದಂತೆ: ಚಿಕ್ಕ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವ ಕ್ರಮ

ತುಮಕೂರಿಗೆ ಬಂದ 14 ವರ್ಷಗಳಲ್ಲಿ ನಾವು ಮೂರು ಬಾಡಿಗೆ ಮನೆಗಳನ್ನು ಬದಲಿಸಿದ್ದೇವೆ. ಮೊದಲು ಬಟವಾಡಿ, ಆಮೇಲೆ ಶಿರಾ ಗೇಟ್, ಈಗ ಕ್ಯಾತ್ಸಂದ್ರ. ಬಡಾವಣೆ ಬದಲಾದರೂ ಅಡುಗೆಮನೆ ಮಾತ್ರ ಬದಲಾಗಲಿಲ್ಲ. ಆರು ಅಡಿಗೆ ಎಂಟು ಅಡಿಯ ಜಾಗ, ಎರಡು ಅಡಿ ಅಗಲದ ಕಟ್ಟೆ, ಕಟ್ಟೆಯ ಕೆಳಗೆ ಬಾಗಿಲಿಲ್ಲದ ಕಡಪ ಕಲ್ಲಿನ ಅಂತಸ್ತುಗಳು, ಏಳು ಅಡಿ ಎತ್ತರದಲ್ಲಿ ಒಂದು ಸಜ್ಜಾ. ನಲ್ಲಿಯಲ್ಲಿ ಹೇಮಾವತಿ ನೀರು ದಿನವೂ ಬರುವುದಿಲ್ಲವಾದ್ದರಿಂದ ಬಿಂದಿಗೆಗಳು ಮತ್ತು ಒಂದು ಡ್ರಮ್ಮು ಅಲ್ಲಿಯೇ ನೆಲ ಹಿಡಿದು ಕೂತಿರುತ್ತವೆ. ಉಳಿದ ಜಾಗದಲ್ಲಿ ಮನೆಯ ಪಾತ್ರೆಗಳೆಲ್ಲ ಹಿಡಿಸಬೇಕು.

ಜಾಗ ಸಾಲುವುದಿಲ್ಲವೆಂದು ನಾನೂ ಬಹಳ ಕಾಲ ದೂರುತ್ತಿದ್ದೆ. ಆದರೆ ಬೆಂಗಳೂರಿನ ರೈಲು ಹಿಡಿಯುವವರಿಗೆ ಬೆಳಗ್ಗೆ ಡಬ್ಬಿ ಕಟ್ಟುವ ಅವಸರದಲ್ಲಿ ನನ್ನನ್ನು ಕಾಡುತ್ತಿದ್ದುದು ಜಾಗದ ಕೊರತೆಗಿಂತ ಹೆಚ್ಚಾಗಿ, ಕುಕ್ಕರ್ ತೆಗೆಯಲು ಅದರ ಮೇಲಿನ ಬೋಸಿ, ಬೋಸಿಯ ಮೇಲಿನ ಜರಡಿ, ಜರಡಿಯೊಳಗಿನ ಮುಚ್ಚಳಗಳನ್ನೆಲ್ಲ ಇಳಿಸಬೇಕಾದ ಸ್ಥಿತಿ. ಆಗ ಮಾಡಿಕೊಂಡ ನಿಯಮ ಒಂದೇ: ಬೇಕಾದ ಪಾತ್ರೆ ಕೈಗೆ ಸಿಗಲು ಇನ್ನೊಂದನ್ನು ಎತ್ತಬೇಕಾದರೆ ಅಡ್ಡಿಯಿಲ್ಲ, ಮೂರನೆಯದನ್ನೂ ಎತ್ತಬೇಕಾಗಿ ಬಂದರೆ ಅದು ಇರುವ ಜಾಗ ತಪ್ಪು. ಕೆಳಗಿನ ಹಂತಗಳೆಲ್ಲವೂ ಈ ನಿಯಮದ ಬೆನ್ನು ಹಿಡಿದು ಬಂದವು.

ಮೊದಲನೆಯ ಹಂತ: ಎಲ್ಲವನ್ನೂ ಹಾಲ್‌ಗೆ ತನ್ನಿ

ರಜೆಯ ದಿನ ಬೆಳಗಿನ ಅಡುಗೆ ಮುಗಿದ ಮೇಲೆ ಹಾಲ್‌ನಲ್ಲಿ ಒಂದು ಹಳೆಯ ಬೆಡ್‌ಶೀಟ್ ಹಾಸಿ, ಅಡುಗೆಮನೆಯ ಪ್ರತಿಯೊಂದು ಪಾತ್ರೆಯನ್ನೂ ಅದರ ಮೇಲೆ ತಂದಿಡಿ. ಸಜ್ಜಾದ ಮೇಲಿನವನ್ನು ಬಿಡಬಾರದು. ಅಲ್ಲೇ ನಿಂತು ಜೋಡಿಸುತ್ತೇನೆಂದರೆ ಇದ್ದದ್ದು ಇದ್ದಲ್ಲೇ ಅಕ್ಕಪಕ್ಕ ಸರಿಯುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲ.

ಈಗ ಅವುಗಳನ್ನು ಗಾತ್ರವನ್ನು ನೋಡದೆ ಬಳಕೆಯನ್ನು ನೋಡಿ ಮೂರು ಗುಂಪು ಮಾಡಿ: ದಿನವೂ ಒಲೆ ಏರುವವು, ವಾರಕ್ಕೊಮ್ಮೆಯಾದರೂ ಬೇಕಾಗುವವು, ಹಬ್ಬಕ್ಕೆ ಅಥವಾ ನೆಂಟರು ಬಂದಾಗ ಮಾತ್ರ ಇಳಿಯುವವು. ನಾಲ್ಕು ಜನರಿರುವ ನಮ್ಮ ಮನೆಯಲ್ಲಿ ದಿನವೂ ಒಲೆ ಏರುವವು ಏಳೇ ಪಾತ್ರೆಗಳೆಂದು ಗೊತ್ತಾದಾಗ ನನಗೇ ನಂಬಿಕೆ ಬರಲಿಲ್ಲ. ಕುಕ್ಕರ್, ಸಾರಿನ ತಪ್ಪಲೆ, ಹಿಟ್ಟಿನ (ರಾಗಿ ಮುದ್ದೆಯ) ತಪ್ಪಲೆ, ಹಾಲಿನ ಪಾತ್ರೆ, ಕಾಫಿಯ ಚಿಕ್ಕ ಪಾತ್ರೆ, ಒಗ್ಗರಣೆಯ ಬಾಣಲೆ, ಕಾವಲಿ. ಇವು ಏಳು ಸುಲಭವಾಗಿ ಕೈಗೆ ಸಿಗಲೆಂದೇ ಉಳಿದ ಎಲ್ಲವೂ ಪಕ್ಕಕ್ಕೆ ಸರಿಯಬೇಕು.

ನಾಲ್ಕನೆಯ ಗುಂಪೊಂದು ತಾನಾಗಿಯೇ ಬೆಳೆಯುತ್ತದೆ. ಹಿಡಿ ಕಳಚಿದ್ದು, ತಳ ಉಬ್ಬಿ ಒಲೆಯ ಮೇಲೆ ಅಲ್ಲಾಡುವುದು, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಒಂದೇ ಅಳತೆಯ ಐದು ಸ್ಟೀಲ್ ಡಬ್ಬಿಗಳು ಇದರಲ್ಲಿ ಸೇರುತ್ತವೆ. ಇವನ್ನು ತೂಕಕ್ಕೆ ಹಾಕಬಹುದು, ಇಲ್ಲವೇ ಹಳೆಯದನ್ನು ತೆಗೆದುಕೊಂಡು ಹೊಸದು ಕೊಡುವ ಪಾತ್ರೆ ಅಂಗಡಿಯಲ್ಲಿ ಬದಲಿಸಿಕೊಳ್ಳಬಹುದು. ಕಷ್ಟವಾಗುವುದು ಹೆಸರು ಕೊರೆಸಿದ ಪಾತ್ರೆಗಳ ವಿಷಯದಲ್ಲಿ. ಅಂಚಿನಲ್ಲಿ ತೂತು ಬಿದ್ದ ಒಂದು ತಪ್ಪಲೆಯನ್ನು ನಾನು ಈ ಗುಂಪಿಗೆ ಇಟ್ಟಾಗ ಅತ್ತೆಯವರು ಅದನ್ನು ತಿರುಗಿಸಿ, "ನಮ್ಮಣ್ಣ ಕೊಟ್ಟಿದ್ದು ಕಣಮ್ಮಾ, ಹೆಸರು ನೋಡು" ಎಂದರು. ಆ ತಪ್ಪಲೆ ಈಗ ಬಾಲ್ಕನಿಯಲ್ಲಿ ದೊಡ್ಡಪತ್ರೆ ಗಿಡದ ಕುಂಡವಾಗಿದೆ, ತೂತೂ ಉಪಯೋಗಕ್ಕೆ ಬಂತು.

ಎರಡನೆಯ ಹಂತ: ಎತ್ತರ ಅಳೆಯಿರಿ

ಕಡಪ ಕಲ್ಲಿನ ಅಂತಸ್ತುಗಳ ದೋಷವಿರುವುದು ಅಗಲದಲ್ಲಲ್ಲ, ಎತ್ತರದಲ್ಲಿ. ಒಂದು ಕಲ್ಲಿಗೂ ಮೇಲಿನ ಕಲ್ಲಿಗೂ ನಡುವೆ ಹದಿನಾಲ್ಕರಿಂದ ಹದಿನಾರು ಅಂಗುಲ ಇರುತ್ತದೆ, ಅಲ್ಲಿ ಇಡುವ ತಪ್ಪಲೆಯ ಎತ್ತರ ಏಳು ಅಂಗುಲವನ್ನು ದಾಟುವುದಿಲ್ಲ. ಮೇಲಿನ ಅರ್ಧ ಜಾಗ ಖಾಲಿ ಉಳಿಯುವುದರಿಂದಲೇ ನಾವು ಪಾತ್ರೆಯ ಮೇಲೆ ಪಾತ್ರೆ ಪೇರಿಸತೊಡಗುತ್ತೇವೆ. ಟೇಪು ಹಿಡಿದು ಪ್ರತಿ ಅಂತಸ್ತಿನ ಎತ್ತರವನ್ನೂ ಅತಿ ಎತ್ತರದ ನಾಲ್ಕೈದು ಪಾತ್ರೆಗಳ ಎತ್ತರವನ್ನೂ ಮುಚ್ಚಳ ಸಮೇತ ಬರೆದುಕೊಳ್ಳಿ.

ನಮ್ಮ ಊರಿನಲ್ಲಿ ಈ ಲೆಕ್ಕವನ್ನು ಕೆಡಿಸುವುದು ತಟ್ಟೆ ಇಡ್ಲಿಯ ಪಾತ್ರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಹೋಟೆಲಿನಲ್ಲಿ ತಿಂದವರು ಒಂದು ದಿನ ಮನೆಗೂ ಸ್ಟ್ಯಾಂಡ್ ತರುತ್ತಾರೆ. ಒಂದರ ಮೇಲೊಂದು ತಟ್ಟೆ ಕೂರುವ ಆ ಸ್ಟ್ಯಾಂಡಿಗೆ ಆಳವಾದ ಪಾತ್ರೆಯೇ ಬೇಕು. ನಮ್ಮದು ಮುಚ್ಚಳ ಸೇರಿ 13 ಅಂಗುಲವಿದೆ. ಇದಕ್ಕೆ 14 ಅಂಗುಲದ ಅಂತಸ್ತಿನ ಒಂದು ಮೂಲೆಯನ್ನು ಪೂರ್ತಿಯಾಗಿ ಬಿಟ್ಟುಕೊಡಿ, ಆದರೆ ಖಾಲಿ ಪಾತ್ರೆಯನ್ನು ಇಡಬೇಡಿ. ಸ್ಟ್ಯಾಂಡು, ತಟ್ಟೆಗಳು, ಇಡ್ಲಿ ಬಟ್ಟೆ, ಹಿಟ್ಟು ಹಾಕುವ ಸೌಟು ಎಲ್ಲವೂ ಅದರೊಳಗೇ ಇರಲಿ. ಜೊತೆಗೆ ಬಳಸುವುದನ್ನು ಜೊತೆಗೇ ಇಟ್ಟರೆ ಎತ್ತರದ ಪಾತ್ರೆಯೇ ಒಂದು ಕಪಾಟಿನ ಕೆಲಸ ಮಾಡುತ್ತದೆ. ಚಕ್ಕುಲಿ ಒರಳಿನ ಬಿಲ್ಲೆಗಳನ್ನು ಒರಳಿನೊಳಗೇ ಬಟ್ಟೆಯಲ್ಲಿ ಕಟ್ಟಿಡುವುದೂ ಇದೇ ಕಾರಣಕ್ಕೆ.

ಉಳಿದ ಅಂತಸ್ತಿಗೆ ಎಂಟು ಅಂಗುಲ ಎತ್ತರದ ನಾಲ್ಕು ಕಾಲಿನ ಕಬ್ಬಿಣದ ಚಿಕ್ಕ ಸ್ಟ್ಯಾಂಡ್ ಒಂದನ್ನು ಇಟ್ಟರೆ ಒಂದು ಅಂತಸ್ತು ಎರಡಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳುವುದು ಉತ್ತಮ, ಏಕೆಂದರೆ ಸಿದ್ಧವಾಗಿ ಸಿಗುವವು ಕಡಪ ಕಲ್ಲಿನ ಆಳಕ್ಕೆ ಸರಿಯಾಗಿ ಕೂರುವುದು ಅಪರೂಪ. ಕಾಲುಗಳಿಗೆ ರಬ್ಬರ್ ಬುಷ್ ಹಾಕಿಸಲು ಮರೆಯಬೇಡಿ, ಕಬ್ಬಿಣ ಕಲ್ಲಿನ ಮೇಲೆ ಕಿರುಗುಟ್ಟುವ ಸದ್ದು ಮಲಗಿದ ಮಕ್ಕಳನ್ನು ಎಬ್ಬಿಸುತ್ತದೆ.

ಮೂರನೆಯ ಹಂತ: ಒಲೆಯ ಸುತ್ತ

ದಿನಬಳಕೆಯ ಪಾತ್ರೆಗಳು ಒಲೆಯ ಮುಂದೆ ನಿಂತವರು ಹೆಜ್ಜೆ ಇಡದೆ ತಲುಪುವಂತಿರಬೇಕು. ಕುಕ್ಕರ್ ಮತ್ತು ತಪ್ಪಲೆಗಳು ಒಲೆಯ ಕೆಳಗಿನ ಮೇಲಂತಸ್ತಿನಲ್ಲಿ, ಹಾಲಿನ ಪಾತ್ರೆ ಮತ್ತು ಕಾಫಿ ಪಾತ್ರೆ ಕಟ್ಟೆಯ ಮೂಲೆಯಲ್ಲಿ ಇದ್ದರೆ ಸಾಕು.

ಇಲ್ಲಿ ಸಿಲಿಂಡರಿನ ವಿಷಯ ಬರುತ್ತದೆ. 14.2 ಕಿಲೋ ಅನಿಲ ತುಂಬಿದ ಸಿಲಿಂಡರಿನ ಒಟ್ಟು ತೂಕ ಸುಮಾರು 30 ಕಿಲೋ, ಅದು ಕಟ್ಟೆಯ ಕೆಳಗೆ ನಿಂತಾಗ ಅಕ್ಕಪಕ್ಕದ ಸಂದುಗಳಲ್ಲಿ ಪಾತ್ರೆ ತುರುಕುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಅದು ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿಯೇ ನಿಲ್ಲುತ್ತದೆ, ಅಲ್ಲಿ ಗಾಳಿಯಾಡಲು ಜಾಗವಿರಬೇಕು. ರೆಗ್ಯುಲೇಟರ್ ತಿರುಗಿಸಲು ಕೈ ನೇರವಾಗಿ ಹೋಗುವಂತಿರಬೇಕು. ರಬ್ಬರ್ ಪೈಪಿನ ಮೇಲೆ ಭಾರದ ಪಾತ್ರೆಯ ಅಂಚು ಕೂರಲೇಬಾರದು. ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕಾಗಿರುವುದರಿಂದ, ಪಾತ್ರೆಗಳನ್ನೆಲ್ಲ ಹೊರಗೆ ತೆಗೆದಿರುವ ಈ ದಿನವೇ ಅದರ ಮೇಲೆ ಅಚ್ಚಾಗಿರುವ ವರ್ಷವನ್ನು ನೋಡಿಬಿಡಿ.

ಮುದ್ದೆ ತೊಳಸುವ ಹಿಟ್ಟಿನ ಕೋಲು ಮತ್ತು ಆಗ ತಪ್ಪಲೆ ಅಲುಗದಂತೆ ಹಿಡಿಯುವ ಕವೆಗೋಲುಗಳನ್ನು ಪಾತ್ರೆಗಳ ನಡುವೆ ಮಲಗಿಸಬಾರದು. ಹಿಟ್ಟು ತೊಳಸಿದ ಕೋಲು ತೊಳೆದ ಮೇಲೂ ಒಳಗೆ ತೇವ ಹಿಡಿದಿರುತ್ತದೆ, ಗಾಳಿಯಿಲ್ಲದ ಮೂಲೆಯಲ್ಲಿಟ್ಟರೆ ಬೂಷ್ಟು ಬರುತ್ತದೆ. ಹಿಡಿಯ ತುದಿಗೆ ತೂತು ಕೊರೆದು ದಾರ ಪೋಣಿಸಿ ಕಿಟಕಿಯ ಸರಳಿಗೆ ನೇತುಹಾಕಿದರೆ ಕೋಲೂ ಒಣಗುತ್ತದೆ, ಜಾಗವೂ ಉಳಿಯುತ್ತದೆ. ದಿನವೂ ಕಾಯಿ ತುರಿಯುವ ಮನೆಗಳಲ್ಲಿ ಈಳಿಗೆಮಣೆಯನ್ನು ಸಜ್ಜಾಕ್ಕೆ ಕಳಿಸುವುದು ಆಗದ ಮಾತು. ಮಡಚುವಂಥದ್ದಾದರೆ ಮಡಚಿ, ಇಲ್ಲವಾದರೆ ಅಲಗಿಗೆ ದಪ್ಪ ಬಟ್ಟೆ ಸುತ್ತಿ, ಅಲಗು ಗೋಡೆಯ ಕಡೆಗಿರುವಂತೆ ಕೆಳ ಅಂತಸ್ತಿನ ಕೊನೆಯಲ್ಲಿಡಿ.

ನಾಲ್ಕನೆಯ ಹಂತ: ಒಂದರೊಳಗೊಂದು

ಪಾತ್ರೆಯೊಳಗೆ ಪಾತ್ರೆ ಇಡುವುದು ಜಾಗ ಉಳಿಸುವ ಹಳೆಯ ಉಪಾಯವೇ ಆದರೂ, ಲೋಹ ನೋಡದೆ ಮಾಡಿದರೆ ಪಾತ್ರೆ ಕೆಡುತ್ತದೆ. ಸ್ಟೀಲಿನೊಳಗೆ ಸ್ಟೀಲ್ ಇಡಬಹುದು. ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯೊಳಗೆ ಬೇರೇನನ್ನೂ ಇಡಬಾರದು, ಏಕೆಂದರೆ ಕಲಾಯಿಯೆಂದರೆ ತೆಳುವಾದ ತವರದ ಲೇಪ, ಸ್ಟೀಲ್ ಅಂಚು ಉಜ್ಜಿದರೆ ಅದು ಎದ್ದುಹೋಗುತ್ತದೆ. ಹಾಗೆ ಎದ್ದ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡುವಂತಿಲ್ಲ. ನಾನ್‌ಸ್ಟಿಕ್ ತವಾದ ಮೇಲೆ ಏನನ್ನಾದರೂ ಇಡಲೇಬೇಕಿದ್ದರೆ ನಡುವೆ ಹಳೆಯ ಹತ್ತಿ ಬಟ್ಟೆಯ ತುಂಡೊಂದನ್ನು ಹಾಕಿ. ಎರಕದ ಕಬ್ಬಿಣದ ಕಾವಲಿಯನ್ನು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಗೋಡೆಗೆ ಒರಗಿಸಿ ನಿಲ್ಲಿಸಿಡುವುದು ಒಳ್ಳೆಯದು. ಅದು ಗಟ್ಟಿಯಾಗಿ ಕಂಡರೂ ಕೆಳಗೆ ಬಿದ್ದರೆ ಬಿರುಕು ಬಿಡುತ್ತದೆ.

ಕುಕ್ಕರನ್ನು ಮುಚ್ಚಳ ಹಾಕಿ ಬಿಗಿದು ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಒಳಗಿನ ತೇವ ಹೊರಹೋಗದೆ ವಾಸನೆ ಹಿಡಿಯುತ್ತದೆ, ಗ್ಯಾಸ್ಕೆಟ್ ಒತ್ತಡದಲ್ಲಿಯೇ ಇದ್ದು ಬೇಗ ಸಡಿಲವಾಗುತ್ತದೆ. ಮುಚ್ಚಳವನ್ನು ತಲೆಕೆಳಗಾಗಿ ಇಟ್ಟು, ಗ್ಯಾಸ್ಕೆಟನ್ನು ಅದರ ಮೇಲೆ ಬಿಡಿಯಾಗಿಟ್ಟರೆ ಅದೇ ಜಾಗದಲ್ಲಿ ಕೆಲಸ ಮುಗಿಯುತ್ತದೆ.

ಒದ್ದೆ ಪಾತ್ರೆಗಳನ್ನು ಒಂದರೊಳಗೊಂದು ಇಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೋರ್‌ವೆಲ್‌ನ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ, ಅಲ್ಯೂಮಿನಿಯಂ ಆದರೆ ಕಪ್ಪಾಗುತ್ತದೆ. ಕಳೆದ ವರ್ಷ ಎರಡು ಸ್ಟೀಲ್ ಬೋಸಿಗಳು ಹೀಗೆಯೇ ಕಚ್ಚಿಕೊಂಡು, ಎಳೆದರೂ ಬಡಿದರೂ ಬಿಡಲಿಲ್ಲ. ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಕೈ ಇಡಲಾಗದಷ್ಟು ಬಿಸಿ ಇರುವ ನೀರಿನಲ್ಲಿ ಎರಡು ನಿಮಿಷ ನಿಲ್ಲಿಸಿದ ಮೇಲೆ, ಒಳಗಿನದು ಕುಗ್ಗಿ ಹೊರಗಿನದು ಹಿಗ್ಗಿ, ತಿರುಚಿದೊಡನೆ ಬಿಟ್ಟುಕೊಂಡವು. ಬಟ್ಟೆಯಲ್ಲಿ ಒಮ್ಮೆ ಒರೆಸಿದ್ದರೆ ಈ ಪಾಡು ಇರುತ್ತಿರಲಿಲ್ಲ. ಕಲ್ಲಿನ ಮೇಲೆ ಹಾಸಲು ದಿನಪತ್ರಿಕೆ ಬೇಡ, ಅದು ತೇವ ಹೀರಿ ಜಿರಳೆಗಳಿಗೆ ಹಾಸಿಗೆಯಾಗುತ್ತದೆ. ಪತ್ರಿಕೆಯಲ್ಲಿಯೇ ಹೀಗೆ ಬರೆಯುವುದು ಸ್ವಲ್ಪ ಮುಜುಗರದ ಸಂಗತಿ, ಆದರೂ ಪ್ಲಾಸ್ಟಿಕ್ ಚಾಪೆಯೇ ಮೇಲು.

ಐದನೆಯ ಹಂತ: ಗೋಡೆ

ತಟ್ಟೆ, ಲೋಟಗಳ ಸ್ಟೀಲ್ ಸ್ಟ್ಯಾಂಡನ್ನು ಗೋಡೆಗೆ ಹಾಕಿಸುವ ಮೊದಲು ಬಾಡಿಗೆಯವರು ಮಾಲೀಕರನ್ನು ಒಂದು ಮಾತು ಕೇಳುವುದು ಕ್ಷೇಮ, ಮನೆ ಬಿಡುವಾಗ ತೂತಿನ ಲೆಕ್ಕ ಮುಂಗಡದಲ್ಲಿ ಕಡಿತವಾಗಬಹುದು. ಸಿಂಕಿನ ಮೇಲ್ಭಾಗ ಸ್ಟ್ಯಾಂಡಿಗೆ ಸರಿಯಾದ ಜಾಗ, ತೊಳೆದ ನೀರು ಅಲ್ಲಿಯೇ ಇಳಿಯುತ್ತದೆ. ಆದರೆ ನಲ್ಲಿಯ ನೇರಕ್ಕೆ ಮೇಲಾಗಲಿ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗಾಗಲಿ ಡ್ರಿಲ್ ಹಾಕಿಸಬಾರದು, ನೀರಿನ ಪೈಪು ಮತ್ತು ವಿದ್ಯುತ್ ತಂತಿಗಳು ಗೋಡೆಯೊಳಗೆ ಆ ಗೆರೆಯಲ್ಲಿಯೇ ಹೋಗಿರುವ ಸಂಭವ ಹೆಚ್ಚು. ಟೈಲ್ಸ್ ಇದ್ದರೆ ಗುರುತಿನ ಮೇಲೆ ಟೇಪ್ ಅಂಟಿಸಿ, ಟೈಲ್ ದಾಟುವವರೆಗೆ ಹ್ಯಾಮರ್ ಇಲ್ಲದೆ ನಿಧಾನವಾಗಿ ಕೊರೆಯಲು ಹೇಳಿ. ತುಂಬಿದ ಸ್ಟ್ಯಾಂಡ್ ಹತ್ತು ಕಿಲೋ ದಾಟುವುದರಿಂದ ನಾಲ್ಕು ಮೂಲೆಗೂ ಸ್ಕ್ರೂ ಇರಲಿ, ಎರಡೇ ಸಾಕು ಎನ್ನುವವರ ಮಾತು ಕೇಳಬೇಡಿ.

ಮುಚ್ಚಳಗಳಿಗೆ ಟವೆಲ್ ರಾಡ್ ಒಂದು ಸಾಕು. ಅದನ್ನು ಗೋಡೆಗೆ ಅಡ್ಡಲಾಗಿ ಹಾಕಿಸಿ, ಮುಚ್ಚಳವನ್ನು ರಾಡಿಗೂ ಗೋಡೆಗೂ ನಡುವೆ ಇಳಿಬಿಟ್ಟರೆ ಗುಬುಟು ರಾಡಿನ ಮೇಲೆ ಕೂತು ಮುಚ್ಚಳ ನಿಲ್ಲುತ್ತದೆ. ಗುಬುಟಿಲ್ಲದ ತಟ್ಟೆ ಮುಚ್ಚಳಗಳನ್ನು ತಟ್ಟೆಗಳ ಸಾಲಿನಲ್ಲಿಯೇ ನಿಲ್ಲಿಸಿ.

ಆರನೆಯ ಹಂತ: ಸಜ್ಜಾ

ಸಜ್ಜಾಕ್ಕೆ ಹೋಗಬೇಕಾದದ್ದು ಹಬ್ಬದ ಗುಂಪು, ಅದರಲ್ಲಿಯೂ ಹಗುರವಾದವು. ಒಬ್ಬಟ್ಟಿನ ಹೂರಣಕ್ಕೆ ಬೇಳೆ ಬೇಯಿಸುವ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಪರಾತ, ಹೆಚ್ಚುವರಿ ತಟ್ಟೆಗಳು ಮೇಲೆ ಹೋಗಲಿ. ಅಲ್ಯೂಮಿನಿಯಂ ತೂಕದಲ್ಲಿ ಕಬ್ಬಿಣದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹಿತ್ತಾಳೆ ಕೊಳಗ, ಕಬ್ಬಿಣದ ಬಾಣಲೆಗಳು ವರ್ಷಕ್ಕೊಮ್ಮೆ ಬಳಸುವವಾದರೂ ನೆಲದ ಅಂತಸ್ತಿನ ಹಿಂಬದಿಯಲ್ಲಿರಲಿ. ಇದನ್ನು ನಾನು ಕಲಿತದ್ದು ಶಾವಿಗೆ ಒರಳಿನಿಂದ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಅದನ್ನು ತಲೆಯ ಮೇಲಿನಿಂದ ಎಳೆದಾಗ ಸ್ಟೂಲ್ ಒಂದು ಕಡೆಗೆ ವಾಲಿತು. ಒರಳು ಕಟ್ಟೆಯ ಅಂಚಿಗೆ ಬಿದ್ದು ಗ್ರಾನೈಟಿನ ಒಂದು ಚಕ್ಕೆ ಹಾರಿತು, ನನಗೆ ಏನೂ ಆಗಲಿಲ್ಲ. ಶಾವಿಗೆಯನ್ನೇನೋ ಅಂದೂ ಒತ್ತಿದೆವು.

ಮೇಲಿಡುವ ಪಾತ್ರೆಗಳನ್ನು ಹಳೆಯ ದಿಂಬಿನ ಚೀಲಗಳಲ್ಲಿ ಹಾಕಿ ಕಟ್ಟಿದರೆ ಧೂಳು ಸೇರುವುದಿಲ್ಲ, ಇಳಿಸುವಾಗ ಹಿಡಿಯಲು ಕೈಗೂ ಸಿಗುತ್ತದೆ. ಯಾವ ಚೀಲದಲ್ಲಿ ಏನಿದೆಯೆಂದು ಎಡದಿಂದ ಬಲಕ್ಕೆ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿ. ನಮ್ಮ ಚೀಟಿಯಲ್ಲಿ ಈಗ ಒಂಬತ್ತು ಸಾಲುಗಳಿವೆ. ಶಾವಿಗೆ ಒರಳು ಅದರಲ್ಲಿಲ್ಲ, ಅದು ನೀರಿನ ಡ್ರಮ್ಮಿನ ಪಕ್ಕದಲ್ಲಿ ನೆಲದ ಮೇಲೆಯೇ ಇದೆ.