ಕೇಳಿಸಿದರೆ ತಾನೇ ನುಡಿಸೋದು: ಸ್ಟುಡಿಯೋ ಮತ್ತು ವೇದಿಕೆಯ ನನ್ನ ಅನುಭವ

ಮೊದಲ ಸಲ ರೆಕಾರ್ಡಿಂಗಿಗೆ ಹೋದಾಗ ಎಂಟು ಬಾರ್‌ಗಳ (ತಾಳದ ಎಂಟು ಸುತ್ತುಗಳ) ಒಂದು ಸಾಲಿಗೆ ಏಳು ಟೇಕ್ ತೆಗೆದುಕೊಂಡೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನುಡಿಸುವಷ್ಟು ರೂಢಿಯಾಗಿದ್ದ ಸಾಲು ಅದು. ಆದರೂ ಪ್ರತಿ ಟೇಕ್ ಮುಗಿದಾಗ ಗಾಜಿನ ಆಚೆಯಿಂದ ಇಂಜಿನಿಯರ್ ದನಿ ಬರುತ್ತಿತ್ತು: "ಸ್ವಲ್ಪ ಹಿಂದೆ ಬೀಳ್ತಿದೆ. ಇನ್ನೊಂದು ಸಲ ಹೋಗೋಣ." ಏಳನೆಯದನ್ನೇ ಇಟ್ಟುಕೊಂಡರು. ಅದನ್ನೂ ಆಮೇಲೆ ಎಳೆದು ಸರಿಮಾಡಿರಬೇಕು. ನನ್ನ ಲಯವೇ ಗಟ್ಟಿಯಿಲ್ಲ ಅಂದುಕೊಂಡು ಆ ದಿನ ವಾಪಸ್ ಬಂದೆ.

ನಾನು ಕೊಳಲು ನುಡಿಸುತ್ತೇನೆ. ಬೇರೆಯವರ ಹಾಡುಗಳ ರೆಕಾರ್ಡಿಂಗಿಗೆ ಹೋಗುತ್ತೇನೆ, ಒಂದು ಬ್ಯಾಂಡಿನ ಜೊತೆ ಊರೂರು ಸುತ್ತುತ್ತೇನೆ. ಅವತ್ತು ಯಾಕೆ ಹಿಂದೆ ಬೀಳುತ್ತಿದ್ದೆ ಅಂತ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ, ಬೇರೊಂದು ಸ್ಟುಡಿಯೋದಲ್ಲಿ. ಅಲ್ಲಿಯೂ ಅದೇ ಕಥೆ ಶುರುವಾಗಿತ್ತು. ಆದರೆ ಅಲ್ಲಿದ್ದ ಹಿರಿಯ ಇಂಜಿನಿಯರ್ ಎರಡನೇ ಟೇಕಿಗೇ ನಿಲ್ಲಿಸಿ ಕೇಳಿದರು: "ನಿಮ್ಮ ಕೊಳಲು ನಿಮಗೆ ತಡವಾಗಿ ಕೇಳಿಸ್ತಿದೆಯಾ?" ಹೌದು! ಅದಕ್ಕೆ ಲೇಟೆನ್ಸಿ ಅನ್ನುವ ಹೆಸರಿದೆ, ಅದನ್ನು ಸರಿಮಾಡಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ನಾನು ಊದಿದ್ದು ಮೈಕಿನಿಂದ ಕಂಪ್ಯೂಟರಿಗೆ ಹೋಗಿ, ತಿರುಗಿ ನನ್ನ ಹೆಡ್‌ಫೋನಿಗೆ ಬರಬೇಕು. ಕಂಪ್ಯೂಟರ್ ಆ ಶಬ್ದವನ್ನು ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತಿಗೆ ಬಫರ್ ಅನ್ನುತ್ತಾರೆ. ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದದ ಅಳತೆ) ಲೆಕ್ಕದಲ್ಲಿ ರೆಕಾರ್ಡ್ ಮಾಡುವಾಗ ಬಫರ್ 1024 ಸ್ಯಾಂಪಲ್ಲಿಗೆ ಇಟ್ಟರೆ, ಒಳಗೆ ಹೋಗಲು 21 ಮಿಲಿಸೆಕೆಂಡ್, ಹೊರಗೆ ಬರಲು ಇನ್ನೊಂದು 21. ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಸಾಕು. ಅಂದರೆ ತುಟಿಗೆ ತಾಗಿರುವ ಕೊಳಲು 14 ಮೀಟರ್ ಆಚೆಯಿಂದ ಕೇಳಿಸಿದ ಹಾಗಾಯಿತು. ನಮ್ಮ ದನಿಯೇ ತಡವಾಗಿ ಕಿವಿಗೆ ಬಿದ್ದರೆ ಬೆರಳು ಅದಕ್ಕಾಗಿ ಕಾಯುತ್ತದೆ. ಗೊತ್ತಿಲ್ಲದೆಯೇ ನಿಧಾನ ಆಗುತ್ತೇವೆ. ಅವರು ಬಫರನ್ನು 128ಕ್ಕೆ ಇಳಿಸಿದರು. ಮುಂದಿನ ಟೇಕ್ ಸರಿಹೋಯಿತು, ಅದೇ ಹಾಡಿನಲ್ಲಿ ಉಳಿಯಿತು.

ಅವತ್ತಿನಿಂದ ಮೈಕಿನ ಮುಂದೆ ನಿಂತ ತಕ್ಷಣ ಮೊದಲು ಕೇಳುವುದು ಇದನ್ನೇ. ಬಫರ್ ಎಷ್ಟಿದೆ? ಕಂಪ್ಯೂಟರನ್ನು ಸುತ್ತಿ ಬರುವ ಬದಲು ನೇರವಾಗಿ ನನ್ನ ದನಿ ಕೊಡಲು ಆಗುತ್ತಾ? ಹೀಗೆ ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅಂತ ಹೊಸಬರು ಸುಮ್ನೆ ಇದ್ದುಬಿಡುತ್ತಾರೆ. ಸುಮ್ನಿರಬೇಡಿ. ಒಳ್ಳೆ ಇಂಜಿನಿಯರಿಗೆ ಈ ಪ್ರಶ್ನೆ ಇಷ್ಟವೇ ಆಗುತ್ತದೆ.

ಆಮೇಲೆ ಹೆಡ್‌ಫೋನು. ಎರಡೂ ಕಿವಿ ಮುಚ್ಚಿಕೊಂಡು ನುಡಿಸಿದರೆ ನನ್ನ ಶ್ರುತಿ ಅಲುಗಾಡುತ್ತದೆ. ಅದಕ್ಕೆ ಬಲಗಡೆಯ ಕಪ್ಪನ್ನು ಕಿವಿಯ ಹಿಂದಕ್ಕೆ ಸರಿಸಿ, ಕೊಳಲನ್ನು ಗಾಳಿಯಲ್ಲೇ ಕೇಳಿಸಿಕೊಳ್ಳುತ್ತೇನೆ. ಎಷ್ಟೋ ಹಾಡುಗಾರರೂ ಹೀಗೇ ಮಾಡುತ್ತಾರೆ. ಆದರೆ ಇದರಲ್ಲೊಂದು ಅಪಾಯ ಇದೆ, ಅದನ್ನು ನಾನು ಕಲಿತಿದ್ದು ಒಂದು ನಿಧಾನದ ಹಾಡಿನಲ್ಲಿ. ಹಾಡಿನ ಕೊನೆಗೆ ಉಳಿದ ವಾದ್ಯಗಳೆಲ್ಲ ನಿಂತು, ಕೊಳಲಿನ ಒಂದೇ ಸ್ವರ ನಾಲ್ಕು ಬಾರ್ ಉದ್ದಕ್ಕೆ ತೆಳ್ಳಗಾಗುತ್ತಾ ಹೋಗಬೇಕಿತ್ತು. ಚೆನ್ನಾಗಿ ಬಂತು. ಕೋಣೆಯಲ್ಲಿದ್ದವರೆಲ್ಲ ಉಸಿರು ಹಿಡಿದು ಕೇಳುತ್ತಿದ್ದರು. ವಾಪಸ್ ಹಾಕಿ ಕೇಳಿದರೆ ಆ ಸ್ವರದ ಬಾಲದಲ್ಲಿ ಟಿಕ್, ಟಿಕ್, ಟಿಕ್. ಕಿವಿಯ ಹಿಂದೆ ತೆರೆದುಕೊಂಡಿದ್ದ ಕಪ್ಪಿನಿಂದ, ತಾಳ ತಪ್ಪದಿರಲಿ ಅಂತ ಹೆಡ್‌ಫೋನಿಗೆ ಕೊಡುವ ಕ್ಲಿಕ್ ಸೋರಿ ಮೈಕಿಗೆ ಬಿದ್ದಿತ್ತು. ಅಂಥ ಸ್ವರ ಮತ್ತೆ ಬರುವುದಿಲ್ಲ. ಬರಲಿಲ್ಲ ಕೂಡ. ಹತ್ತಿರ ಬಂತು, ಅಷ್ಟೇ. ಈಗ ತೆರೆದಿಡುವ ಕಡೆಗೆ ಏನೂ ಕಳಿಸಬೇಡಿ, ಎಲ್ಲವನ್ನೂ ಎಡಗಡೆಗೇ ಹಾಕಿ ಅಂತ ಮೊದಲೇ ಹೇಳುತ್ತೇನೆ. ಹಾಡಿನ ಕೊನೆಯಲ್ಲಿ ಕ್ಲಿಕ್ಕನ್ನು ಪೂರ್ತಿ ಇಳಿಸಲು ಕೇಳಿಕೊಳ್ಳುತ್ತೇನೆ. ಕೊನೆಯ ಸ್ವರಕ್ಕೆ ತಾಳ ಬೇಕಿಲ್ಲ.

ಮೈಕಿನ ಜಾಗದ ಬಗ್ಗೆ ಒಂದು ಮಾತು. ಊದುವ ರಂಧ್ರದ ಎದುರಿಗೇ ಮೈಕ್ ಇಟ್ಟರೆ ಗಾಳಿಯೇ ಜಾಸ್ತಿ ಬೀಳುತ್ತದೆ. ತುಸು ಮೇಲಿಂದ, ಊದುವ ರಂಧ್ರಕ್ಕೂ ಬೆರಳಿನ ರಂಧ್ರಗಳಿಗೂ ನಡುವೆ ಮುಖ ಮಾಡಿ, 30ರಿಂದ 40 ಸೆಂಟಿಮೀಟರ್ ದೂರದಲ್ಲಿ ಇಟ್ಟಾಗ ನನ್ನ ಕೊಳಲು ಕೊಳಲಿನ ಹಾಗೆ ಕೇಳಿಸುತ್ತದೆ. ಜಾಗ ಸಿಕ್ಕಿದ ಮೇಲೆ ಕಾಲ ಬಳಿ ನೆಲಕ್ಕೆ ಟೇಪ್ ಅಂಟಿಸಿ, ಮೈಕಿನದೊಂದು ಫೋಟೋ ತೆಗೆದುಕೊಳ್ಳುತ್ತೇನೆ. ಯಾವ ಕೊಳಲು, ಯಾವ ಮೈಕ್ ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ. ಒಂದು ಸಲ ಮರುದಿನ ಹೋಗಿ ಎರಡು ಬಾರ್ ಮಾತ್ರ ಸರಿಮಾಡಬೇಕಿತ್ತು. ಅದೇ ಕೊಳಲು, ಅದೇ ಕೋಣೆ. ಒಂದು ಗೇಣು ಹತ್ತಿರ ನಿಂತಿದ್ದೆ, ಅಷ್ಟೇ. ಆ ಎರಡು ಬಾರ್ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ಇಡೀ ಚರಣ ಮತ್ತೆ ನುಡಿಸಬೇಕಾಯಿತು.

ತೇಪೆ ಹಾಕುವಾಗ ಉಸಿರನ್ನು ಮರೆಯಬಾರದು. ತಪ್ಪಾದ ಜಾಗದಿಂದಲೇ ಶುರುಮಾಡಿದರೆ ಸ್ವರ ತಣ್ಣಗೆ ಹುಟ್ಟುತ್ತದೆ. ನಾನು ಎರಡು ಬಾರ್ ಹಿಂದಿನಿಂದ ನುಡಿಸುತ್ತಾ ಬಂದು, ಮೊದಲ ಟೇಕಿನಲ್ಲಿ ಎಲ್ಲಿ ಉಸಿರು ಎಳೆದಿದ್ದೆನೋ ಅಲ್ಲೇ ಎಳೆದು, ಹೊಸ ಜಾಗಕ್ಕೆ ಕಾಲಿಡುತ್ತೇನೆ. ಆಗ ಜೋಡಣೆ ಆ ಉಸಿರಿನೊಳಗೆ ಮುಚ್ಚಿಹೋಗುತ್ತದೆ. ಕೆಲವರು ಉಸಿರಿನ ಸದ್ದನ್ನೆಲ್ಲ ಕತ್ತರಿಸಿ ತೆಗೆಯುತ್ತಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಉಸಿರು ತೆಗೆದ ಕೊಳಲನ್ನು ಕೇಳುವಾಗ ಕೇಳುವವರಿಗೂ ಎದೆ ಕಟ್ಟಿದ ಹಾಗಾಗುತ್ತದೆ, ಅಲ್ವಾ?

ಸ್ಟುಡಿಯೋದಲ್ಲಿ ಇಷ್ಟೆಲ್ಲ ಕೇಳಿ ಪಡೆಯಬಹುದು. ಪ್ರವಾಸದಲ್ಲಿ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಒಂದೂವರೆ ಗಂಟೆಯ ಕಾರ್ಯಕ್ರಮಕ್ಕೆ ಇಡೀ ದಿನ ಹೋಗುತ್ತದೆ: ಪ್ರಯಾಣ, ಸಾಮಾನು ಇಳಿಸುವುದು, ಕಾಯುವುದು, ಮತ್ತೆ ಕಾಯುವುದು. ಹಲವು ತಂಡಗಳು ಸೇರುವ ಕಡೆ ಸೌಂಡ್ ಚೆಕ್ ಇರುವುದೇ ಇಲ್ಲ. ಹಿಂದಿನ ತಂಡ ಇಳಿದು ನಾವು ಹತ್ತುವ ನಡುವೆ ಹತ್ತು ನಿಮಿಷದಲ್ಲಿ ಒಂದೊಂದೇ ಲೈನ್ ಬರುತ್ತಿದೆಯಾ ಅಂತ ನೋಡಿ ಶುರುಮಾಡಬೇಕು. ಅದಕ್ಕೇ ನಮ್ಮ ತಂಡ ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಚಾನೆಲ್ಲಿಗೆ ಏನು, ಯಾರ ಮಾನಿಟರಿನಲ್ಲಿ (ವೇದಿಕೆಯಲ್ಲಿ ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರಿನಲ್ಲಿ) ಏನೇನು ಬೇಕು ಅನ್ನುವುದನ್ನು ಒಂದೇ ಹಾಳೆಯಲ್ಲಿ ಬರೆದು ಮೊದಲೇ ಕಳಿಸುತ್ತದೆ. ಎರಡನೇ ಹಾಳೆಯನ್ನು ಯಾರೂ ಓದುವುದಿಲ್ಲ.

ನನ್ನ ಮಾನಿಟರಿನಲ್ಲಿ ನನಗೆ ಮೂರೇ ಬೇಕು. ಶ್ರುತಿಗೆ ಕೀಬೋರ್ಡ್, ಲಯಕ್ಕೆ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ಸಿಂಬಲ್), ಆಮೇಲೆ ನಾನು. ಕೇಳಿಸದಿದ್ದಾಗ "ನನ್ನದು ಜಾಸ್ತಿ ಮಾಡಿ" ಅನ್ನುವುದು ಎಲ್ಲರ ಅಭ್ಯಾಸ. ನಾನೂ ವರ್ಷಗಟ್ಟಲೆ ಹಾಗೇ ಹೇಳಿದ್ದೆ. ಎಲ್ಲರೂ ಜಾಸ್ತಿ ಕೇಳುತ್ತಾ ಹೋದರೆ ವೇದಿಕೆ ಅಬ್ಬರದ ಗುಂಡಿಯಾಗುತ್ತದೆ, ಮಾನಿಟರಿನ ಸದ್ದೇ ತಿರುಗಿ ಮೈಕಿಗೆ ಹೊಕ್ಕು ಮೈಕ್ ಕೂಗಲು ಶುರುವಾಗುತ್ತದೆ. ಈಗ ನಾನು ಏನನ್ನು ಕಡಿಮೆ ಮಾಡಬಹುದು ಅಂತ ಮೊದಲು ಹೇಳುತ್ತೇನೆ. ಗಿಟಾರ್ ತೆಗೆಯಿರಿ, ಅದು ಪಕ್ಕದಲ್ಲೇ ಕೇಳಿಸುತ್ತಿದೆ. ಅಷ್ಟರಲ್ಲೇ ಕೊಳಲು ಮೇಲೆ ಬರುತ್ತದೆ.

ಮೈಕ್ ಕೂಗುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ, ಇದು ತುಂಬ ಜನರಿಗೆ ಗೊತ್ತಿಲ್ಲ. ಸಾಧಾರಣ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದೆ ಕಿವುಡು. ಮಾನಿಟರ್ ನೇರವಾಗಿ ಅದರ ಹಿಂದಿದ್ದರೆ ಒಳ್ಳೆಯದು. ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ಹಿಂದೆಯೂ ಸ್ವಲ್ಪ ಕೇಳಿಸುತ್ತದೆ, ಅದರ ಕಿವುಡು ಹಿಂಬದಿಯ ಎರಡು ಓರೆಗಳಲ್ಲಿ. ಒಂದು ಕಾರ್ಯಕ್ರಮದಲ್ಲಿ ಮೊದಲ ಹಾಡಿನುದ್ದಕ್ಕೂ ನನ್ನ ಮೈಕ್ ಕಿರುಚಿತು. ಕೊನೆಗೆ ಮೈಕ್ ಯಾವುದು ಅಂತ ಬಗ್ಗಿ ನೋಡಿ, ಮಾನಿಟರನ್ನು ಕಾಲಿನಿಂದ ಅರ್ಧ ಮೀಟರ್ ಪಕ್ಕಕ್ಕೆ ತಳ್ಳಿದೆ. ಕಿರುಚಾಟ ನಿಂತಿತು.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಮಾತ್ರ ತಾಪಮಾನ. ಗಾಳಿ ತಣ್ಣಗಾದರೆ ಕೊಳಲಿನ ಶ್ರುತಿ ಇಳಿಯುತ್ತದೆ, ಒಂದು ಡಿಗ್ರಿಗೆ ಹೆಚ್ಚುಕಡಿಮೆ 3 ಸೆಂಟ್. ಒಂದು ಅರ್ಧಸ್ವರಕ್ಕೆ 100 ಸೆಂಟ್ ಅನ್ನುವ ಲೆಕ್ಕ. ನಮ್ಮ ಉಸಿರು ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುವುದರಿಂದ ಪೂರ್ತಿ ಅಷ್ಟು ಇಳಿಯುವುದಿಲ್ಲ, ಆದರೆ ಇಳಿಯುತ್ತದೆ. ತಂತಿ ವಾದ್ಯಗಳದ್ದು ತಿರುಗಾ ಮುರುಗಾ, ಚಳಿಗೆ ತಂತಿ ಬಿಗಿದು ಶ್ರುತಿ ಏರುತ್ತದೆ. ಕೀಬೋರ್ಡ್ ಇದ್ದಲ್ಲೇ ಇರುತ್ತದೆ. ಒಂದು ಬಯಲು ವೇದಿಕೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಸೌಂಡ್ ಚೆಕ್ ಮಾಡಿ, ರಾತ್ರಿ 10ಕ್ಕೆ ಹತ್ತಿದೆವು. ಆಗ 9 ಡಿಗ್ರಿ. ಮೊದಲ ಸ್ವರಕ್ಕೇ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಗಾಯಕಿ ಮಾತಾಡುತ್ತಿದ್ದ ಸಮಯದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯ ಬಗ್ಗಿ ಕೇಳಿದ:

"ಎಷ್ಟು ಕೆಳಗಿದೆ ನಿಂದು?"

"ಇಪ್ಪತ್ತೈದು."

"435ಕ್ಕೆ ಇಳಿಸ್ಲಾ?"

ಶ್ರುತಿಗೆ ಆಧಾರವಾಗಿ ಹಿಡಿಯುವ ಎ ಸ್ವರವನ್ನು ಅವನು ಕೀಬೋರ್ಡಿನಲ್ಲಿ 440 ಹರ್ಟ್ಸ್‌ನಿಂದ 435ಕ್ಕೆ ಇಳಿಸಿದ. ಅದು ಸುಮಾರು 20 ಸೆಂಟ್. ಗಿಟಾರ್, ಬೇಸ್ ಇಬ್ಬರೂ ಟ್ಯೂನರನ್ನು 435ಕ್ಕಿಟ್ಟು ತಂತಿ ಸಡಿಲಿಸಿದರು. ಉಳಿದ ಐದನ್ನು ನಾನು ಕೊಳಲನ್ನು ಹೊರಗಡೆಗೆ ತುಸು ಹೊರಳಿಸಿ ತುಂಬಿದೆ. ಇಡೀ ತಂಡ ನನಗಾಗಿ ಒಂದು ಮೆಟ್ಟಿಲು ಇಳಿದು ಬಂತು. ಎದುರಿಗೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ನನಗೆ ಆ ರಾತ್ರಿ ಮರೆಯಲು ಆಗುವುದಿಲ್ಲ. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿಕೊಂಡು ನುಡಿಸುವ ತಂಡಗಳಿಗೆ ಇದು ಸುಲಭವಲ್ಲ, ಟ್ರ್ಯಾಕ್ 440ರಲ್ಲೇ ಕೂತಿರುತ್ತದೆ. ನಮ್ಮಲ್ಲಿ ಟ್ರ್ಯಾಕ್ ಬೇಡ ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಈಗ ಚಳಿಯಿದ್ದರೆ ಹಾಡಿನ ನಡುವೆ ಕೊಳಲುಗಳನ್ನು ಕೋಟಿನೊಳಗೆ, ಎದೆಗೆ ಒತ್ತಿ ಇಟ್ಟುಕೊಳ್ಳುತ್ತೇನೆ. ಸ್ಟುಡಿಯೋದ ಎ.ಸಿ.ಯಲ್ಲೂ ಟೇಕಿಗೆ ಮುಂಚೆ ಸದ್ದಿಲ್ಲದೆ ಒಳಗೆ ಉಸಿರು ಬಿಡುತ್ತಾ ಬಿಸಿ ಮಾಡುತ್ತೇನೆ.

ಒಣ ಗಾಳಿಯೂ ಬಿದಿರಿಗೆ ಆಗಿಬರುವುದಿಲ್ಲ. ವಿಮಾನದೊಳಗಿನ ಗಾಳಿಯಲ್ಲಿ ತೇವ ಸಾಮಾನ್ಯವಾಗಿ 20%ಕ್ಕಿಂತ ಕಡಿಮೆ. ಒಂದು ಉದ್ದ ಪ್ರಯಾಣ ಮುಗಿಸಿ ಇಳಿದಾಗ ನನ್ನ ಮುಖ್ಯ ಕೊಳಲಿನ ಕೆಳಗಿನ ಸ್ವರ ಹುಟ್ಟಲೇ ಇಲ್ಲ. ರಂಧ್ರಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ತುದಿಯನ್ನು ಅಂಗೈಗೆ ಒತ್ತಿಸಿ ಬಾಯಿಂದ ಗಾಳಿ ಎಳೆದು ನೋಡಿದೆ, ಹಿಡಿದು ನಿಲ್ಲಲಿಲ್ಲ. ಬೆಳಕಿಗೆ ಹಿಡಿದಾಗ ಉದ್ದಕ್ಕೆ ಕೂದಲೆಳೆಯಂಥ ಬಿರುಕು ಕಂಡಿತು. ಅವತ್ತು ಟೇಪ್ ಸುತ್ತಿ ದಾಟಿಸಿದೆ. ಆಮೇಲೆ ಗಟ್ಟಿ ದಾರ ಸುತ್ತಿ ಅಂಟು ಹಾಕಿಸಿದೆ, ಇವತ್ತಿಗೂ ಅದನ್ನೇ ನುಡಿಸುತ್ತೇನೆ. ಪ್ರಯಾಣಕ್ಕೆ ಮುಂಚೆ ಒಳಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೈಯಲ್ಲೇ ಒಯ್ಯುತ್ತೇನೆ.

ಇನ್ನು ಕಿವಿ. ಬಲಗಿವಿಯನ್ನೇ ಯಾಕೆ ತೆರೆದಿಡುತ್ತೇನೆ ಅನ್ನುವುದು ಇಲ್ಲಿದೆ. ಆರು ವರ್ಷ ವೇದಿಕೆಯಲ್ಲಿ ನನ್ನ ಜಾಗ ಡ್ರಮ್ಮಿನ ಬಲಕ್ಕಿತ್ತು. ಎಡಗಿವಿಯಿಂದ ಒಂದೂವರೆ ಮೀಟರಿಗೆ ಸಿಂಬಲ್. ಕಾರ್ಯಕ್ರಮ ಮುಗಿದ ರಾತ್ರಿ ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು. ಬೆಳಗ್ಗೆ ಹೋಗುತ್ತಿತ್ತು, ಹಾಗಾಗಿ ಬಿಟ್ಟುಬಿಟ್ಟೆ. ದಿನಕ್ಕೆ 85 ಡೆಸಿಬಲ್ ಆದರೆ ಎಂಟು ಗಂಟೆ ಕೇಳಬಹುದು, ಮೇಲೆ 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ ಆಗ ಗೊತ್ತಿರಲಿಲ್ಲ. ಆ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ ಸಿಗುವುದು 15 ನಿಮಿಷ. ನಾವು ಒಂದೂವರೆ ಗಂಟೆ ನಿಲ್ಲುತ್ತಿದ್ದೆವು.

ಕೊನೆಗೊಂದು ದಿನ ಕಿವಿ ಪರೀಕ್ಷೆ ಮಾಡಿಸಿದೆ. ಬಲಗಡೆಯ ಗೆರೆ ನೇರವಾಗಿತ್ತು. ಎಡಗಡೆಯದು 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದು ಮೇಲೆದ್ದಿತ್ತು. ಜೋರು ಸದ್ದಿನಿಂದ ಆಗುವ ಏಟು ಮೊದಲು ಕಾಣಿಸುವುದೇ ಅಲ್ಲಿ ಅಂದರು ಡಾಕ್ಟರು. ಅದು ವಾಪಸ್ ಬರುವುದಿಲ್ಲ ಅಂತಲೂ ಹೇಳಿದರು. ಕೊಳಲಿನ ಗಾಳಿಯ ಸದ್ದು, ಸ್ವರ ಹುಟ್ಟುವ ಮುಂಚಿನ ಆ ಸಣ್ಣ ಸುಯ್ ಇದೆಯಲ್ಲ, ಅದರ ಚೂಪು ಇರುವುದೂ ಅಲ್ಲೇ. ಈಗ ಕಿವಿಯ ಅಳತೆಗೆ ಮಾಡಿಸಿದ ಪ್ಲಗ್ ಇಲ್ಲದೆ ವೇದಿಕೆ ಹತ್ತುವುದಿಲ್ಲ, ಅಭ್ಯಾಸಕ್ಕೂ ಹಾಕುತ್ತೇನೆ. ವೇದಿಕೆಯ ಜಾಗ ಬದಲಾಯಿಸಿಕೊಂಡಿದ್ದೇನೆ. ಸ್ಟುಡಿಯೋದಲ್ಲಿ ಕ್ಲಿಕ್ಕು, ಕೀಬೋರ್ಡು, ಬೇಸು ಎಲ್ಲ ಎಡಗಿವಿಗೆ ಹೋಗುತ್ತವೆ. ಬಲಗಿವಿಯಲ್ಲಿ ಕೊಳಲು, ಮತ್ತು ಅದರ ಆ ಸಣ್ಣ ಸುಯ್.