ಒಂದೇ ಬಾಸ್, ಎರಡು ಬಗೆಯ ಆಟಗಾರರು: ದಾವಣಗೆರೆಯ ನಮ್ಮ ಸರ್ವರ್‌ನ ರೇಡ್ ಲೆಕ್ಕ

ದಾವಣಗೆರೆಯಲ್ಲಿ ನಾವು ನಡೆಸುವ ಮೈನ್‌ಕ್ರಾಫ್ಟ್ ಸರ್ವರ್‌ಗೆ ಎರಡು ಬಗೆಯ ಜನ ಬರುತ್ತಾರೆ. ವಿದ್ಯಾನಗರದ ಪಿಜಿಗಳಲ್ಲಿ ರಾತ್ರಿ ಮೂರು ತಾಸು ಕದಲದೆ ಕೂರುವ ಎಂಜಿನಿಯರಿಂಗ್ ಹುಡುಗರು ಒಂದು ಕಡೆ. ಮಂಡಿಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ ಒಂಬತ್ತೂವರೆಗೆ ಮೊಬೈಲ್ ಹಿಡಿಯುವವರು, ಡ್ಯೂಟಿ ನಡುವೆ ಬಿಡುವು ಸಿಕ್ಕಾಗ ಬರುವ ಮೆಡಿಕಲ್ ವಿದ್ಯಾರ್ಥಿಗಳು, ಹರಿಹರ, ಜಗಳೂರಿನ ಹುಡುಗರು ಇನ್ನೊಂದು ಕಡೆ. ಇವರಿಗಾಗಿ ಕ್ಯಾಶುವಲ್, ಹಾರ್ಡ್‌ಕೋರ್ ಎಂದು ಎರಡು ಮೋಡ್ ಇಟ್ಟಿದ್ದೇವೆ. ರೇಡ್ ಅಂದರೆ ಹಲವರು ಸೇರಿ ಬಾಸ್ ಎಂಬ ಒಂದು ದೊಡ್ಡ ಶತ್ರುವನ್ನು ಹೊಡೆಯುವ ಕಾಳಗ. ಬಾಸ್ ಒಂದೇ, ಅದರ ದಾಳಿಗಳೂ ಒಂದೇ. ಎಷ್ಟು ತಪ್ಪಿನವರೆಗೆ ಬದುಕಬಹುದು ಅನ್ನುವುದಷ್ಟೇ ಬೇರೆ. ಬರೀ ಹೆಲ್ತ್ ಏರಿಸುತ್ತಾ ಹೋದರೆ ಆಟ ಉದ್ದವಾಗುತ್ತದೆ, ಕಷ್ಟವಾಗುವುದಿಲ್ಲ.

ನಮ್ಮದು ಆಟದ ಜಾವಾ (ಕಂಪ್ಯೂಟರ್) ಆವೃತ್ತಿ, ಪೇಪರ್ ಎಂಬ ಸರ್ವರ್ ತಂತ್ರಾಂಶ. ಬಾಸ್ ರೂಪಿಸಲು ಮಿಥಿಕ್‌ಮಾಬ್ಸ್ ಎಂಬ ಪ್ಲಗಿನ್ (ಸರ್ವರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ), ಮೊಬೈಲಿನವರು ಇದೇ ಸರ್ವರ್‌ಗೆ ಸೇರಲು ಗೀಸರ್.

ಮೊದಲು ಸರಿಮಾಡಬೇಕಾದದ್ದು ಏಟುಗಳ ನಡುವಿನ ರಕ್ಷಣೆ. ಒಂದು ಏಟು ಬಿದ್ದ ಮೇಲೆ 10 ಟಿಕ್ (ಆಟದ ಕಾಲದ ಅಳತೆ, ಸೆಕೆಂಡಿಗೆ 20), ಅಂದರೆ ಅರ್ಧ ಸೆಕೆಂಡ್, ಅಷ್ಟೇ ಬಲದ ಇನ್ನೊಂದು ಏಟು ನಾಟುವುದಿಲ್ಲ. ಅದಕ್ಕಿಂತ ಜೋರಾದ ಏಟಾದರೆ ವ್ಯತ್ಯಾಸದಷ್ಟು ಮಾತ್ರ ಸೇರುತ್ತದೆ: 7.5ರ ಏಟಿನ ಹಿಂದೆಯೇ 11ರ ಏಟು ಬಿದ್ದರೆ ಸಿಗುವುದು 3.5. ಹೀಗಾಗಿ ಹತ್ತು ಜನ ಸುತ್ತುವರಿದು ಹೊಡೆದರೂ ಇಬ್ಬರು ಹೊಡೆದಷ್ಟೇ ಫಲ. ಬಾಸ್‌ನ ನೋಡ್ಯಾಮೇಜ್‌ಟಿಕ್ಸ್ (ಈ ರಕ್ಷಣೆಯ ಅವಧಿ) 0 ಮಾಡಿದರೆ ಎಲ್ಲರ ಏಟೂ ಲೆಕ್ಕಕ್ಕೆ ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತಾನೇ ಕ್ಲಿಕ್ ಮಾಡುವ ಆಟೋಕ್ಲಿಕ್ಕರ್ ಇಟ್ಟವನು ಗೆಲ್ಲುತ್ತಾನೆ. ಸೆಕೆಂಡಿಗೆ ಹತ್ತು ಅರೆಬರೆ ಏಟು ಸೇರಿದರೆ ಕಾಯ್ದು ಹೊಡೆದ ಪೂರ್ಣ ಏಟುಗಳನ್ನು ಮೀರುತ್ತವೆ. ಅದಕ್ಕೆ ಕೂಲ್‌ಡೌನ್ (ಮುಂದಿನ ಏಟಿಗೆ ಬಲ ತುಂಬಲು ಕಾಯುವ ಹೊತ್ತು) ಶೇ 90 ತುಂಬದ ಏಟನ್ನು ರದ್ದು ಮಾಡುವ ಪುಟ್ಟ ಪ್ಲಗಿನ್ ಬರೆದು ಸೇರಿಸಿದೆವು. ಮೊಬೈಲಿನ ಬೆಡ್‌ರಾಕ್ ಆವೃತ್ತಿಯಲ್ಲಿ ಈ ಕೂಲ್‌ಡೌನ್ ಎಂಬುದೇ ಇಲ್ಲ, ಆ ಹುಡುಗರು ಒಂದೇ ಸಮ ಒತ್ತುತ್ತಲೇ ಇರುತ್ತಾರೆ. ಗೀಸರ್‌ನ ಸೆಟ್ಟಿಂಗ್‌ನಲ್ಲಿ ಕೂಲ್‌ಡೌನ್ ತೋರಿಸುವ ಆಯ್ಕೆ ಇದೆ, ಅದು ಆನ್ ಆಗಿರಲೇಬೇಕು.

ಬಾಸ್‌ಗೆ ಆರ್ಮರ್ (ಏಟು ತಗ್ಗಿಸುವ ಕವಚ) ಕೊಡಬೇಡಿ, ಸೊನ್ನೆ ಇರಲಿ. ಈ ಆಟದ ಆರ್ಮರ್ ಸಣ್ಣ ಏಟನ್ನು ಹೆಚ್ಚು ತಿನ್ನುತ್ತದೆ. ಆರ್ಮರ್ 20 ಇದ್ದರೆ ಕ್ಯಾಶುವಲ್‌ನವರ 7.5ರ ಏಟು 2.6ಕ್ಕೆ ಇಳಿಯುತ್ತದೆ, ಹಾರ್ಡ್‌ಕೋರ್‌ನವರ 11ರದು 4.6ಕ್ಕೆ. ಒಂದೂವರೆ ಪಟ್ಟು ಇದ್ದ ಅಂತರ ಒಂದೂಮುಕ್ಕಾಲು ಪಟ್ಟಾಗುತ್ತದೆ, ನಷ್ಟವೆಲ್ಲ ಕ್ಯಾಶುವಲ್‌ನವರಿಗೆ.

ಇನ್ನು ಹೆಲ್ತ್. ಆರು ನಿಮಿಷದ ಕಾಳಗ ನಮ್ಮ ಗುರಿ, ಅಂದರೆ 360 ಸೆಕೆಂಡ್. ಕ್ಯಾಶುವಲ್‌ನವರ ಕಬ್ಬಿಣದ ಕತ್ತಿಗೆ ಶಾರ್ಪ್‌ನೆಸ್ (ಏಟಿನ ಬಲ ಹೆಚ್ಚಿಸುವ ಮಂತ್ರಗುಣ) 2 ಇದ್ದರೆ ಏಟಿಗೆ 7.5, ಸೆಕೆಂಡಿಗೆ 1.6 ಏಟು, ಒಟ್ಟು 12. ಓಡುವುದು, ತಿನ್ನುವುದು, ದಾರಿ ತಪ್ಪುವುದು ಕಳೆದರೆ ಮೂರನೇ ಒಂದು ಪಾಲು, ಅಂದರೆ 4, ಉಳಿಯುತ್ತದೆ. 360ರಿಂದ ಗುಣಿಸಿದರೆ ತಲೆಗೆ 1,440. ಹಾರ್ಡ್‌ಕೋರ್‌ನಲ್ಲಿ ನೆದರೈಟ್ (ಕಬ್ಬಿಣಕ್ಕಿಂತ ಬಲವಾದ ಲೋಹ) ಕತ್ತಿ, ಶಾರ್ಪ್‌ನೆಸ್ 5 ಇದ್ದವರದು 11 ಗುಣಿಸು 1.6, ಅಂದರೆ 17.6. ಅವರು ಶೇ 70 ಹೊತ್ತು ಬಾಸ್ ಮೇಲೆಯೇ ಇರುತ್ತಾರೆ. ಹತ್ತು ಜನಕ್ಕೆ ಸುಮಾರು 44,000 ಬರುತ್ತದೆ. ಮೂಲ ಆಟದಲ್ಲಿ ಹೆಲ್ತ್‌ನ ಮಿತಿ 1,024. ಸರ್ವರ್‌ನಲ್ಲಿರುವ ಸ್ಪಿಗಾಟ್ ಹೆಸರಿನ ಕಾನ್ಫಿಗ್ ಕಡತದಲ್ಲಿ ಗರಿಷ್ಠ ಹೆಲ್ತ್ ಏರಿಸದಿದ್ದರೆ ನೀವು ಬರೆದ ಅಂಕಿ ಸದ್ದಿಲ್ಲದೆ ಮಿತಿಗೆ ಬಂದು ನಿಲ್ಲುತ್ತದೆ.

ಕ್ಯಾಶುವಲ್‌ಗೆ 6ರಿಂದ 15 ಜನ, ಬಾಗಿಲು ಮುಚ್ಚಿದಾಗಿನ ತಲೆ ಎಣಿಕೆಯಂತೆ ಹೆಲ್ತ್. ಹಾರ್ಡ್‌ಕೋರ್‌ಗೆ ಕಡ್ಡಾಯವಾಗಿ 10. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ 2014ರಲ್ಲಿ ಇದೇ ದಾರಿ ಹಿಡಿಯಿತು: ನಾರ್ಮಲ್, ಹೀರೋಯಿಕ್ ರೇಡ್‌ಗೆ 10ರಿಂದ 30 ಜನ, ಎಲ್ಲಕ್ಕಿಂತ ಕಷ್ಟದ ಮಿಥಿಕ್‌ಗೆ ಮಾತ್ರ ಕಡ್ಡಾಯವಾಗಿ 20. ಜನ ಹೆಚ್ಚುಕಮ್ಮಿಯಾದರೆ ನಿಲ್ಲುವ ಜಾಗ, ಹಂಚಿಕೊಂಡ ಕೆಲಸ ಎಲ್ಲ ಬದಲಾಗುತ್ತದೆ. ಬಿಗಿಯಾಗಿ ಹೊಂದಿಸಿದ ಕಾಳಗ ಅದನ್ನು ತಾಳುವುದಿಲ್ಲ. ಕ್ಯಾಶುವಲ್‌ನಲ್ಲಿ ಯಾರದಾದರೂ ಮನೆಯಲ್ಲಿ ಕರೆಂಟ್ ಹೋದರೆ ಉಳಿದ ಹೆಲ್ತ್‌ನಲ್ಲಿ ಅವರ ಪಾಲು ಇಳಿಸಿ, ಮೂರು ನಿಮಿಷ ಜಾಗ ಕಾಯ್ದಿಡುತ್ತೇವೆ.

ಬಾಸ್ ಕೊಡುವ ಡ್ಯಾಮೇಜ್‌ಗೆ ಎಲ್ಲರಿಗೂ ಒಂದೇ ಅಂಕಿ ಇಡಲು ಆಗುವುದೇ ಇಲ್ಲ. 30ರ ಏಟು ಬರೀ ಕಬ್ಬಿಣದ ಕವಚ ತೊಟ್ಟವನಿಗೆ 26 ತಗಲುತ್ತದೆ, ಇರುವ ಹೆಲ್ತ್ 20, ಅಲ್ಲಿಗೆ ಮುಗಿಯಿತು. ಪ್ರೊಟೆಕ್ಷನ್ (ಏಟು ತಗ್ಗಿಸುವ ಮಂತ್ರಗುಣ) 4ರ ಪೂರ್ಣ ನೆದರೈಟ್ ಕವಚ ತೊಟ್ಟವನಿಗೆ ಅದೇ ಏಟು 5ನ್ನೂ ದಾಟುವುದಿಲ್ಲ. ಅದಕ್ಕೆ ತಪ್ಪಿಸಿಕೊಳ್ಳಬೇಕಾದ ದಾಳಿಗಳನ್ನೆಲ್ಲ ಆಟಗಾರನ ಹೆಲ್ತ್‌ನ ಶೇಕಡಾವಾರು ಡ್ಯಾಮೇಜ್‌ಗೆ ತಂದು, ಆರ್ಮರ್ ಲೆಕ್ಕಕ್ಕಿಲ್ಲದಂತೆ ಮಾಡಿದೆವು. ಕ್ಯಾಶುವಲ್‌ನಲ್ಲಿ ಶೇ 35, ಮೂರನೇ ತಪ್ಪಿಗೆ ಸಾವು. ಹಾರ್ಡ್‌ಕೋರ್‌ನಲ್ಲಿ ಶೇ 60, ಎರಡನೆಯದಕ್ಕೇ ಸಾವು. ಸತ್ತ ಕ್ಯಾಶುವಲ್ ಆಟಗಾರ 20 ಸೆಕೆಂಡ್ ಬಿಟ್ಟು ಮರಳುತ್ತಾನೆ, ಹಾರ್ಡ್‌ಕೋರ್‌ನವನು ನೋಡುತ್ತಾ ಕೂರಬೇಕು. ಸಾವಿನಿಂದ ಒಮ್ಮೆ ಉಳಿಸುವ ಟೋಟೆಮ್‌ಗಳನ್ನು ಬಾಗಿಲಲ್ಲೇ ತೆಗೆಸಿ. ಒಂದು ಶಲ್ಕರ್ ಪೆಟ್ಟಿಗೆಯಲ್ಲಿ 27 ಟೋಟೆಮ್ ಹಿಡಿಯುತ್ತವೆ, ಅಷ್ಟಿದ್ದರೆ ಮೇಲಿನ ಲೆಕ್ಕಕ್ಕೆ ಅರ್ಥವಿಲ್ಲ.

ದಾಳಿಗೆ ಮುಂಚೆ ಕೊಡುವ ಮುನ್ಸೂಚನೆಯ ಹೊತ್ತನ್ನು ಅಂದಾಜಿನಲ್ಲಿ ಇಡಬಾರದು. ದಾಳಿ ಬೀಳುವ 6 ಬ್ಲಾಕ್ ತ್ರಿಜ್ಯದ ವೃತ್ತದ ನಡುವಿನಿಂದ ಓಡಿ ಹೊರಬರಲು, ಸೆಕೆಂಡಿಗೆ 5.6 ಬ್ಲಾಕ್ ವೇಗದಲ್ಲಿ, 1.07 ಸೆಕೆಂಡ್ ಬೇಕು. ಕಣ್ಣು ಕಂಡು ಕೈ ಆಡಲು ಕಾಲು ಸೆಕೆಂಡ್. ಮೊಬೈಲ್ ಹಾಟ್‌ಸ್ಪಾಟ್‌ನ ಪಿಂಗ್‌ಗೆ (ಇಂಟರ್‌ನೆಟ್‌ನ ತಡ) 200 ಮಿಲಿಸೆಕೆಂಡ್ ಹಿಡಿಯಿರಿ. ಸೇರಿದರೆ ಒಂದೂವರೆ ಸೆಕೆಂಡ್, ಅಂದರೆ 30 ಟಿಕ್. ಹಾರ್ಡ್‌ಕೋರ್‌ಗೆ 32 ಟಿಕ್, ಕ್ಯಾಶುವಲ್‌ಗೆ 60 ಇಟ್ಟಿದ್ದೇವೆ. 30ಕ್ಕಿಂತ ಕೆಳಗೆ ಇಳಿಸಿದರೆ ಒಳ್ಳೆಯ ಇಂಟರ್‌ನೆಟ್ ಇದ್ದವರು ಮಾತ್ರ ಉಳಿಯುತ್ತಾರೆ. ವೃತ್ತವನ್ನು ಪಾರ್ಟಿಕಲ್‌ನಿಂದ (ಹಾರಾಡುವ ಚುಕ್ಕಿಗಳಿಂದ) ತೋರಿಸಬೇಡಿ, ಸೆಟ್ಟಿಂಗ್‌ನಲ್ಲಿ ಅದನ್ನು ಕಡಿಮೆ ಮಾಡಿಕೊಂಡವರಿಗೆ ಸರಿಯಾಗಿ ಕಾಣುವುದಿಲ್ಲ. ನೆಲದ ಬ್ಲಾಕ್‌ಗಳನ್ನೇ ಕೆಂಪು ಉಣ್ಣೆಯಾಗಿ ತೋರಿಸಿ, ಜೊತೆಗೆ ಗಂಟೆ ಬಾರಿಸಿದ ಸದ್ದು ಕೊಡಿ.

ಲೂಟ್‌ನ (ಗೆದ್ದಾಗ ಸಿಗುವ ವಸ್ತುಗಳ) ಬಲ ಎರಡೂ ಮೋಡ್‌ನಲ್ಲಿ ಒಂದೇ, ವಾರಕ್ಕೆ ತಲೆಗೊಂದು ಪೆಟ್ಟಿಗೆ. ಹಾರ್ಡ್‌ಕೋರ್ ಗೆದ್ದವರಿಗೆ ಹೆಚ್ಚಿಗೆ ಸಿಗುವುದು ಹೆಸರಿನ ಬಣ್ಣ ಮತ್ತು ಕವಚದ ಅಲಂಕಾರ. ಬಲವಾದ ಕತ್ತಿ ಕೊಟ್ಟರೆ ಅವರಿಗೆ ಮುಂದಿನ ವಾರ ಅದೇ ಬಾಸ್ ಸಲೀಸಾಗುತ್ತದೆ, ಅಂತರವೂ ಹಿಗ್ಗುತ್ತದೆ.

ಯಾರು ಯಾವ ದಾಳಿಗೆ ಸತ್ತರು, ಆಗ ಬಾಸ್‌ನ ಹೆಲ್ತ್ ಎಷ್ಟು ಉಳಿದಿತ್ತು, ಇವೆರಡನ್ನು ಲಾಗ್‌ನಲ್ಲಿ ಬರೆಸಿ. ಕ್ಯಾಶುವಲ್‌ನ ಅರ್ಧಕ್ಕಿಂತ ಹೆಚ್ಚು ಸಾವು ಒಂದೇ ದಾಳಿಗೆ ಬಿದ್ದರೆ ಆ ದಾಳಿಯ ಮುನ್ಸೂಚನೆಗೆ 10 ಟಿಕ್ ಸೇರಿಸುತ್ತೇವೆ. ಹಾರ್ಡ್‌ಕೋರ್‌ನವರು ಬೇಗ ಮುಗಿಸಿದರೆ ಹೆಲ್ತ್ ಮುಟ್ಟದೆ ಎರಡು ದಾಳಿಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸುತ್ತೇವೆ. ವಾರಕ್ಕೆ ಒಂದೇ ಅಂಕಿ ಬದಲಿಸಿ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ಲಾಗ್ ಹೇಳುವುದಿಲ್ಲ. ದುಗ್ಗಮ್ಮನ ಜಾತ್ರೆಯ ವಾರದ ಲಾಗನ್ನು ಬದಿಗಿಡಿ, ಆಗ ಬರುವವರೇ ಬೇರೆ.